ಬರೆಯಲು ಬರುವ ಕಾರಣ

ಒಬ್ಬನನ್ನು ಬಂಧಿಸಬೇಕೋ ಬೇಡವೋ, ಒಂದು ಮನೆ ಶೋಧಿಸಬೇಕೋ ಬೇಡವೋ ಎಂಬ ಪ್ರಶ್ನೆ ಠಾಣೆಯಲ್ಲಿ ಪಾಳಿ ಪಾಳಿಗೂ ಏಳುತ್ತದೆ. ಕಾರವಾರ, ಅಂಕೋಲಾ, ಕುಮಟಾ ಕಡೆ ಪೇದೆಯಾಗಿ ಸೇರಿ ಪಿಎಸ್‌ಐ ಆಗಿ ನಿವೃತ್ತನಾಗುವವರೆಗೆ ನಾನು ಹಿಡಿದುಕೊಂಡು ಬಂದ ದಾರಿ ಒಂದೇ. ಮೊದಲು ಕಾರಣ ಬರೆಯುವುದು, ಆಮೇಲೆ ಕೈ ಹಾಕುವುದು. ಠಾಣಾ ದಿನಚರಿಯಲ್ಲಿ ಸಮಯ ಹಾಕಿ, ಕೆಳಗೆ ನನ್ನ ಸಹಿ ಮಾಡಿ ಬರೆಯಲು ಆಗದಂಥ ಕಾರಣವಾದರೆ ಆ ಕೆಲಸಕ್ಕೆ ಹೋಗುತ್ತಿರಲಿಲ್ಲ. ‘ಮೇಲಿನಿಂದ ಫೋನ್ ಬಂತು’, ‘ಜನ ಸಿಟ್ಟಿಗೆದ್ದಿದ್ದಾರೆ’, ‘ಇವನ ಮುಖ ನೋಡಿದರೇ ಗೊತ್ತಾಗುತ್ತದೆ’ ಎಂಬ ಮಾತುಗಳಿಗೆ ತಲೆಯೊಳಗೆ ಬಹಳ ಬಲ. ಕಾಗದಕ್ಕೆ ಇಳಿಸಿ ನೋಡಿ, ಒಂದೂ ನಿಲ್ಲುವುದಿಲ್ಲ.

ಇದು ನನ್ನೊಬ್ಬನ ಹಟವಲ್ಲ, ಕಾನೂನು ಕೇಳುವುದೂ ಇದನ್ನೇ. ಏಳು ವರ್ಷದವರೆಗೆ ಶಿಕ್ಷೆಯಿರುವ ಅಪರಾಧಗಳಲ್ಲಿ ಕೇಸು ದಾಖಲಾಯಿತು ಎಂಬ ಮಾತ್ರಕ್ಕೆ ಬಂಧಿಸಬಾರದು ಎಂದು ಸುಪ್ರೀಂ ಕೋರ್ಟ್ 2014ರ ಜುಲೈ 2ರಂದು ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಬಂಧಿಸಿದರೆ ಏಕೆ ಬಂಧಿಸಿದೆ ಎಂದು ಬರೆಯಬೇಕು, ಬಂಧಿಸದಿದ್ದರೆ ಅದನ್ನೂ ಬರೆದು ಎರಡು ವಾರದೊಳಗೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಬಂಧಿಸದೆ ಹಾಜರಾಗಲು ಹೇಳುವ ನೋಟಿಸು ಆಗ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 41ಎ ಆಗಿತ್ತು, 2024ರ ಜುಲೈ 1ರಿಂದ ಅದರ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 35(3) ಆಗಿದೆ. ಸಂಖ್ಯೆ ಬದಲಾಯಿತು, ಕೆಲಸ ಅದೇ.

ಹೊಸ ಕಾನೂನು ಬಂದ ಮೇಲಿನ ಒಂದು ಕಳವಿನ ಕೇಸನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಠಾಣೆ ವ್ಯಾಪ್ತಿಯ ಒಂದು ಅನುಕೂಲಸ್ಥರ ಮನೆಯಲ್ಲಿ ಚವತಿಗೆಂದು ಬ್ಯಾಂಕ್ ಲಾಕರಿನಿಂದ ತಂದಿಟ್ಟ ಎರಡೆಳೆ ಸರ, ಬಳೆ ಕಾಣೆಯಾದವು. ಗಣಪತಿ ಬಿಟ್ಟ ಮೇಲೆ ಕಪಾಟು ತೆಗೆದಾಗಲೇ ಅವರಿಗೆ ಗೊತ್ತಾದದ್ದು. ಯಜಮಾನರು ಠಾಣೆಗೆ ಬಂದವರೇ ಮನೆಗೆಲಸದ ಹೆಂಗಸಿನ ಹೆಸರು ಹೇಳಿದರು. ಬಂದರಿನ ಹತ್ತಿರದ ಕೇರಿಯವಳು, ಗಂಡ ಇಲ್ಲ, ಮಗ ಐಟಿಐ ಓದುತ್ತಿದ್ದ.

‘ಸಾಹೇಬ್ರೇ, ಒಂದ್ ರಾತ್ರಿ ಠಾಣೇಲಿ ಕೂರಿಸ್ಕೊಳ್ಳಿ. ಬೆಳಗಾಗೋದ್ರೊಳಗೆ ಬಾಯಿ ಬಿಡ್ತಾಳೆ.’

ದೂರನ್ನು ಅವರು ಹೇಳಿದ ಹಾಗೆಯೇ ಬರೆಸಿಕೊಂಡೆ. ದೂರುದಾರರ ಮಾತು ತಿದ್ದುವ ಅಧಿಕಾರ ನನಗಿಲ್ಲ. ಆದರೆ ಅವಳು ಕಪಾಟಿನ ಹತ್ತಿರ ಹೋದದ್ದನ್ನು ಯಾರಾದರೂ ಕಂಡಿದ್ದಾರೆಯೇ ಎಂದು ಕೇಳಿದೆ. ಇಲ್ಲ ಎಂದರು. ಅದೂ ದೂರಿನಲ್ಲಿ ಬಂತು. ಅವರು ಹೋದ ಮೇಲೆ ನಮ್ಮ ಹೆಡ್ ಕಾನ್‌ಸ್ಟೇಬಲ್, ‘ಸರ್, ಲೇಡಿ ಪಿಸಿ ಕಳ್ಸಿ ಕರ್ಕೊಂಡು ಬರ್ಲಾ?’ ಎಂದರು. ‘ಯಾಕೆ ಕರೆಸ್ಬೇಕು ಅಂತ ಒಂದು ಸಾಲು ಹೇಳಿ, ಡೈರೀಲಿ ಬರೀತೀನಿ’ ಎಂದೆ. ‘ಆ ಮನೇಲಿ ಓಡಾಡ್ಕೊಂಡಿದ್ಳು ಸರ್.’ ಹಬ್ಬಕ್ಕೆ ಬಂದ ನೆಂಟರೂ ಓಡಾಡಿದ್ದರು. ಬಣ್ಣ ಹೊಡೆದವರು ಇದ್ದರು, ಯಜಮಾನರ ಮಗನ ಗೆಳೆಯರು ಆ ಕೋಣೆಯಲ್ಲೇ ಮಲಗಿದ್ದರು. ಬರೆದ ಕಾರಣ ಹತ್ತು ಜನರಿಗೆ ಒಪ್ಪುತ್ತಿದ್ದು, ಕರೆತರುವುದು ಮಾತ್ರ ಬಡವಿಯೊಬ್ಬಳನ್ನೇ ಎಂದಾದರೆ ನಿಜವಾದ ಕಾರಣ ಆ ಸಾಲಿನಲ್ಲಿ ಇಲ್ಲ ಎಂದೇ ಅರ್ಥ. ಇದನ್ನು ಹೆಡ್ ಕಾನ್‌ಸ್ಟೇಬಲರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವರೇ ಪೆನ್ನು ತೆಗೆದು ಹಬ್ಬದ ದಿನಗಳಲ್ಲಿ ಆ ಮನೆಗೆ ಬಂದುಹೋದವರ ಪಟ್ಟಿ ಮಾಡಲು ಕುಳಿತರು.

ಸಾಕ್ಷಿ ವಿಚಾರಣೆಗೆ ಹೆಂಗಸರನ್ನು ಅವರು ವಾಸವಿರುವ ಜಾಗ ಬಿಟ್ಟು ಬೇರೆಡೆಗೆ ಕರೆಸುವಂತಿಲ್ಲ, ಬಿಎನ್‌ಎಸ್‌ಎಸ್ 179 ಅದನ್ನೇ ಹೇಳುತ್ತದೆ. ಹಗಲು ಹೊತ್ತಿನಲ್ಲಿ ಮಹಿಳಾ ಸಿಬ್ಬಂದಿಯ ಜೊತೆ ನಾನೇ ಹೋದೆ. ಜೀಪನ್ನು ಕೇರಿಯ ಹೊರಗೆ ರಸ್ತೆಯಲ್ಲೇ ಬಿಟ್ಟು ನಡೆದೆವು. ಬಾಗಿಲಿಗೆ ಪೊಲೀಸ್ ಜೀಪು ಬಂದು ನಿಂತರೆ ಆ ಹೆಂಗಸಿಗೆ ಊರಲ್ಲಿ ಮತ್ತೊಂದು ಮನೆಯ ಕೆಲಸ ಸಿಗುವುದಿಲ್ಲ. ಇದು ಯಾವ ಕಲಮಿನಲ್ಲೂ ಇಲ್ಲ, ಆದರೂ ತನಿಖಾಧಿಕಾರಿ ಯೋಚಿಸಲೇಬೇಕಾದ ವಿಷಯ. ‘ಅಕ್ಕ, ಮನೆಗೆ ಬಂದೋರನ್ನೆಲ್ಲ ಕೇಳ್ತಾ ಇದ್ದೇವೆ, ನಿಮ್ಮನ್ನೂ ಕೇಳ್ತೇವೆ’ ಎಂದು ಶುರು ಮಾಡಿ ಅವಳು ಹೇಳಿದ್ದನ್ನು ಬರೆದುಕೊಂಡೆವು. ಮನೆ ಶೋಧಿಸಲಿಲ್ಲ. ಶೋಧಕ್ಕೂ ಕಾರಣ ಬರೆಯಬೇಕು, ಈಗ ಅದರ ಜೊತೆಗೆ ವಿಡಿಯೊ ಚಿತ್ರೀಕರಣವೂ ಕಡ್ಡಾಯ. ನನ್ನ ಬಳಿ ಅಂಥ ಕಾರಣವಿರಲಿಲ್ಲ.

ಬೆರಳಚ್ಚಿನವರು ಬಂದರು, ಗಿರವಿ ಅಂಗಡಿಗಳನ್ನು ಸುತ್ತಿದೆವು, ಗೆಳೆಯರನ್ನೂ ನೆಂಟರನ್ನೂ ವಿಚಾರಿಸಿದೆವು. ಚಿನ್ನ ಸಿಗಲಿಲ್ಲ. ಕೊನೆಗೆ ಪತ್ತೆಯಾಗದ ಪ್ರಕರಣವೆಂದು ಸಿ ರಿಪೋರ್ಟ್ ಹೋಯಿತು. ಯಜಮಾನರು ನನ್ನ ಮೇಲೆ ಅರ್ಜಿ ಕೊಟ್ಟರು, ಕ್ರೈಂ ಮೀಟಿಂಗಿನಲ್ಲಿ ನನ್ನ ಠಾಣೆಯ ಪತ್ತೆ ಪ್ರಮಾಣದ ಮಾತು ಬಂತು. ಅರ್ಜಿಯ ವಿಚಾರಣೆಗೆ ನಾನು ಬೇರೆ ಸಮಜಾಯಿಷಿ ಬರೆಯಬೇಕಾಗಲಿಲ್ಲ, ಕೇಸ್ ಡೈರಿಯ ಪ್ರತಿ ಕಳಿಸಿದೆ. ಯಾವ ದಿನ ಯಾರನ್ನು ಏಕೆ ಕೇಳಿದೆ, ಯಾರನ್ನು ಏಕೆ ಬಂಧಿಸಲಿಲ್ಲ ಎಲ್ಲವೂ ಅದರಲ್ಲಿತ್ತು.

ಕಳವಿನ ಕೇಸುಗಳಲ್ಲೇ ಪೊಲೀಸರ ಕೈ ಹೆಚ್ಚು ಏಳುವುದೇಕೆ ಎಂಬುದನ್ನು ಹೊರಗಿನವರು ತಿಳಿಯಬೇಕು. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ಆದರೆ ಕಸ್ಟಡಿಯಲ್ಲಿರುವ ಆರೋಪಿ ಹೇಳಿದ ಜಾಗದಲ್ಲಿ ಮಾಲು ಸಿಕ್ಕಿದರೆ ಆ ಮಾತಿನ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. ಹಳೆಯ ಸಾಕ್ಷ್ಯ ಅಧಿನಿಯಮದ 27ನೇ ಕಲಮು ಹೀಗಿತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ (ಬಿಎಸ್‌ಎ) 23ರಲ್ಲೂ ಇದೆ. ಹಾಗಾಗಿ ‘ಮಾಲು ಒಂದು ಬರಲಿ, ಉಳಿದದ್ದು ಆಮೇಲೆ’ ಎಂಬ ಆಸೆ ಹುಟ್ಟುತ್ತದೆ. ಮಾಲು ವಾಪಸು ಕೊಡುವ ಪರೇಡಿನಲ್ಲಿ ಮೇಜಿನ ಮೇಲೆ ಜೋಡಿಸಿಟ್ಟ ಚಿನ್ನಕ್ಕೆ ಚಪ್ಪಾಳೆ ಬೀಳುತ್ತದೆ. ಹೊಡೆಯದೆ ಬಿಟ್ಟ ಕೇಸಿಗೆ ಯಾವ ಪರೇಡೂ ಇಲ್ಲ. ಈ ಲೆಕ್ಕ ಬದಲಾಗದೆ ಪೇದೆಗಳಿಗೆ ನೀತಿ ಪಾಠ ಹೇಳಿ ಪ್ರಯೋಜನವಿಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಬರವಣಿಗೆ ಎಂದ ಕೂಡಲೇ ಸುಳ್ಳು ಬರವಣಿಗೆಯ ಮಾತೂ ಬರಬೇಕು. ಬಹಳ ಹಿಂದೆ ನಾನು ಒಂದು ಠಾಣೆಯಲ್ಲಿ ರೈಟರ್, ಅಂದರೆ ದಾಖಲೆ ಬರೆಯುವವನು, ಆಗಿದ್ದೆ. ಬೆಳಿಗ್ಗೆ ಕರೆತಂದವನ ಹೆಸರಿನ ಮುಂದೆ ‘ಟೈಮ್ ಖಾಲಿ ಬಿಡು, ಸಂಜೆ ತುಂಬಿಸೋಣ’ ಎಂದು ಆಗಿನ ಅಧಿಕಾರಿ ಹೇಳಿದರು. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಆ ಗಡಿಯಾರವನ್ನು ತಡವಾಗಿ ಶುರು ಮಾಡುವ ಉಪಾಯ ಇದು. ‘ಸರ್, ಅವನು ಒಳಗೆ ಬಂದಾಗಲೇ ಬರೆದಾಯ್ತು’ ಎಂದೆ. ಬರೆದೂ ಆಗಿತ್ತು. ಅವರು ಕೆಲವು ದಿನ ನನ್ನೊಡನೆ ಮಾತಾಡಲಿಲ್ಲ, ಅಷ್ಟೇ. ಆಮೇಲೆ ನಾನೇ ಠಾಣಾಧಿಕಾರಿಯಾದಾಗ ರೈಟರಿಗೆ ಹೇಳಿಕೊಟ್ಟ ಮೊದಲ ಕೆಲಸ ಇದು. ವ್ಯಕ್ತಿ ಮೆಟ್ಟಿಲು ಹತ್ತಿದ ಕೂಡಲೇ ಸಮಯ ಬರೆಯಬೇಕು, ನನ್ನನ್ನು ಕೇಳಬೇಕಿಲ್ಲ. ಬಂಧನದ ಮೆಮೊಗೆ ಮನೆಯವರ ಅಥವಾ ಊರಿನ ಗೌರವಸ್ಥರೊಬ್ಬರ ಸಹಿ, ಆರೋಪಿಯ ಸಹಿ ಬೇಕೆಂದು ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲೇ ತೀರ್ಪಾಗಿದೆ. 2020ರ ಡಿಸೆಂಬರಿನ ಪರಮ್‌ವೀರ್ ಸಿಂಗ್ ಸೈನಿ ತೀರ್ಪಿನ ನಂತರ ಲಾಕಪ್, ವರಾಂಡ, ರಿಸೆಪ್ಷನ್ ಎಲ್ಲ ಕಡೆ ಸಿಸಿಟಿವಿ ಇರಬೇಕು. ನಮ್ಮಲ್ಲಿ ಕೆಲವರಿಗೆ ಅದು ಕಿರಿಕಿರಿ. ನನಗೆ ಅದು ಒಳ್ಳೆಯ ಪಂಚ, ಅಂದರೆ ಸಾಕ್ಷಿ. ಲಾಕಪ್ಪಿನ ವಿಷಯದಲ್ಲಿ ಸುಳ್ಳು ಆರೋಪ ಬಂದರೆ ನಮ್ಮ ಪರವಾಗಿಯೂ ಮಾತಾಡುತ್ತದೆ.

ಕೆಲವು ನಿರ್ಧಾರಗಳಿಗೆ ಇಷ್ಟು ಯೋಚನೆ ಬೇಡ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿನ ಕೆಲಸಕ್ಕೆ ಬಂದ ಒಡಿಶಾದ ಹುಡುಗನೊಬ್ಬ ಮಡಗಾಂವಿನಲ್ಲಿ ತನ್ನನ್ನು ಹೊಡೆದು ದುಡ್ಡು, ಫೋನು ಕಿತ್ತುಕೊಂಡರು ಎಂದು ಬಂದ. ‘ಗೋವಾಕ್ಕೆ ಹೋಗು’ ಎನ್ನುವುದು ಸುಲಭ. ಅಪರಾಧ ಎಲ್ಲೇ ನಡೆದಿರಲಿ, ದೂರು ಬಂದ ಠಾಣೆ ಕೇಸು ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸುವ ಝೀರೋ ಎಫ್‌ಐಆರ್ ಮಾಡಲೇಬೇಕು. ಮಾಡಿ ಕಳಿಸಿದೆವು.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಬೇರೆ ತರಹದ ಕಷ್ಟ. ನಾನು ಅಲ್ಲಿ ಬಂದೋಬಸ್ತಿಗೆ ಇದ್ದೆ. ಹೆದ್ದಾರಿ 66 ಮುಚ್ಚಿತ್ತು, ಗಂಗಾವಳಿ ತುಂಬಿ ಹರಿಯುತ್ತಿತ್ತು, ಮಳೆ ಬಿಡುತ್ತಿರಲಿಲ್ಲ. ಲಾರಿ ಸಮೇತ ಕಾಣೆಯಾದ ಕೇರಳದ ಚಾಲಕನ ಸುದ್ದಿಗೆ ಕ್ಯಾಮೆರಾಗಳು ತುಂಬಿದವು. ಕಾಣೆಯಾದ ನಮ್ಮ ಊರಿನವರ ಮನೆಮಂದಿ ಅದೇ ಮಳೆಯಲ್ಲಿ ಬದಿಗೆ ನಿಂತಿದ್ದರು. ಮಣ್ಣಿನಡಿ ಏನೋ ಕಂಡಿತು ಎಂಬ ವದಂತಿ ಹಬ್ಬಿದಾಗಲೆಲ್ಲ ‘ಸರ್, ಹೌದಾ?’ ಎಂದು ಎಲ್ಲರೂ ನಮ್ಮ ಮುಖ ನೋಡುತ್ತಿದ್ದರು. ಖಚಿತವಾಗದ್ದನ್ನು ಯಾರಿಗೂ ಹೇಳಬಾರದು, ಖಚಿತವಾದದ್ದನ್ನು ಮನೆಯವರಿಗಿಂತ ಮೊದಲು ಮೈಕಿಗೆ ಹೇಳಬಾರದು ಎಂದು ನನ್ನ ಜೊತೆಗಿದ್ದ ಹುಡುಗರಿಗೆ ತಾಕೀತು ಮಾಡಿದ್ದೆ. ಸಮಾಧಾನಕ್ಕೆಂದು ‘ಸಿಗ್ತಾರೆ, ಹೆದರ್ಬೇಡಿ’ ಎನ್ನುವುದನ್ನೂ ಬೇಡವೆಂದೆ. ಆ ಮಾತು ಆಡದಿರುವುದು ಕಲ್ಲುಮನಸ್ಸಿನಂತೆ ಕಾಣುತ್ತದೆ, ಆಡಿಬಿಟ್ಟರೆ ಮರುದಿನ ಅದೇ ತಾಯಿಯ ಮುಂದೆ ನಿಲ್ಲಬೇಕು. ಆ ಲಾರಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ.

ಈಗ ಹೊಸದಾಗಿ ಸೇರಿದ ಪಿಎಸ್‌ಐಗಳು ಮನೆಗೆ ಬಂದಾಗ ಕೇಳುವುದುಂಟು, ‘ಸರ್, ಇಷ್ಟೆಲ್ಲ ಬರೆದಿಟ್ರೆ ನಾಳೆ ಕೋರ್ಟಲ್ಲಿ ನಮಗೇ ತಿರುಗಲ್ವಾ?’ ತಿರುಗಬಹುದು. ಪಾಟೀ ಸವಾಲಿನಲ್ಲಿ ವಕೀಲರು ನನ್ನ ಸಾಲುಗಳನ್ನೇ ಓದಿ ನನ್ನನ್ನು ಕೇಳಿದ್ದಾರೆ. ಬರೆದದ್ದು ಆ ಹೊತ್ತಿನ ನಿಜವಾಗಿದ್ದರಿಂದ ಉತ್ತರ ಹುಡುಕಬೇಕಾಗಲಿಲ್ಲ.

ಅವರು ಹೇಳುವ ಇನ್ನೊಂದು ತೊಂದರೆಯನ್ನು ನಾನು ತಳ್ಳಿಹಾಕಲಾರೆ. ಬರೆಯಲು ಹೊತ್ತಿಲ್ಲ. ಬೆಳಿಗ್ಗೆ ಮಂತ್ರಿಗಳ ಬಂದೋಬಸ್ತು, ಮಧ್ಯಾಹ್ನ ಹೆದ್ದಾರಿಯಲ್ಲಿ ಅಪಘಾತ, ಶಿರಸಿ ಜಾತ್ರೆ ಬಂತೆಂದರೆ ಕರಾವಳಿಯ ಸಿಬ್ಬಂದಿಯೂ ಘಟ್ಟ ಹತ್ತಬೇಕು. ಕೇಸ್ ಡೈರಿ ತೆರೆಯುವುದು ರಾತ್ರಿ ಊಟವಾದ ಮೇಲೆ. ತನಿಖೆಯನ್ನೂ ಕಾನೂನು ಸುವ್ಯವಸ್ಥೆಯನ್ನೂ ಬೇರೆ ಮಾಡಿ ಎಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಹತ್ತು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನರಿರುವ ನಗರಗಳಿಂದ ಶುರು ಮಾಡಿ ಕ್ರಮೇಣ ಸಣ್ಣ ಊರುಗಳಿಗೂ ತರಬೇಕು ಎಂಬುದು ಆ ನಿರ್ದೇಶನ. ಅಂಕೋಲಾ, ಹೊನ್ನಾವರದಂಥ ಠಾಣೆಗಳಿಗೆ ಬಂದೋಬಸ್ತಿಗೆ ಎಳೆಯದ ಒಬ್ಬ ತನಿಖಾಧಿಕಾರಿ, ಇನ್ನೊಬ್ಬ ರೈಟರ್ ಸಿಕ್ಕರೆ ಕಾರಣ ಬರೆದು ಕೆಲಸ ಮಾಡುವ ಹುಡುಗರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿದ್ದಾರೆ.