ಹಿಂಬಾಗಿಲಿಗೆ ಬೆಕ್ಕಿನ ಫ್ಲ್ಯಾಪ್ ಕೂರಿಸಿದ್ದು

ಹಂಚಿನ ಮನೆಯ ಕಾಲದಲ್ಲಿ ಬೆಕ್ಕಿಗೆ ಬಾಗಿಲು ಅಂತ ಬೇರೆ ಬೇಕಿರಲಿಲ್ಲ. ಮಾಡಿನ ಸಂದಿ, ಕಿಟಕಿಯ ಸರಳು, ಬಚ್ಚಲಿನ ಗೂಡು, ಎಲ್ಲಿಂದ ಬೇಕಾದರೂ ಬಂದು ಹೋಗುತ್ತಿತ್ತು. ತಾರಸಿ ಮನೆಯಲ್ಲಿ ಆ ಸೌಕರ್ಯ ಇಲ್ಲ. ಅದರ ಮೇಲೆ ಮಂಗಳೂರಿನ ಸೊಳ್ಳೆ. ಮಲೇರಿಯಾಕ್ಕೆ ಹೆದರಿ ಎಲ್ಲ ಕಿಟಕಿಗೂ ನೆಟ್ ಹೊಡೆಸಿದೆವು. ಅಲ್ಲಿಂದ ನಮ್ಮ ಬೂತಾಯಿ (ಬೆಕ್ಕಿನ ಹೆಸರು ಇದು, ಮೀನಲ್ಲ) ಹೊರಗೆ ಹೋಗಬೇಕಾದರೂ ನಾವೇ ಏಳಬೇಕು, ಒಳಗೆ ಬರಬೇಕಾದರೂ ನಾವೇ ಏಳಬೇಕು. ಬೆಳಗಿನ ಜಾವಕ್ಕೆ ಬಾಗಿಲು ಕೆರೆಯುವ ಸದ್ದು. ಬಾಗಿಲು ತೆಗೆಯದಿದ್ದರೆ ಅಡುಗೆಮನೆ ಕಿಟಕಿಯ ನೆಟ್ ಹರಿಯುವುದು. ನೆಟ್ ಬದಲಿಸಿ ಸಾಕಾಗಿ ಫ್ಲ್ಯಾಪ್ ತರಿಸಿದೆ, ಅಂದರೆ ಬಾಗಿಲಿನ ತೂತಿಗೆ ಕೂರಿಸುವ, ಬೆಕ್ಕು ತಾನೇ ದೂಡಿಕೊಂಡು ದಾಟುವ ಪುಟ್ಟ ಕದ.

ಅದರ ಜೊತೆ ಬರುವ ಕೈಪಿಡಿ ಚಳಿ ದೇಶದವರಿಗೆ ಬರೆದದ್ದು. ತಣ್ಣನೆ ಗಾಳಿ ಒಳಗೆ ಬರದ ಹಾಗೆ ಏನು ಮಾಡಬೇಕು ಅಂತ ಪುಟಗಟ್ಟಲೆ ಇದೆ. ನಮ್ಮ ಊರಿನ ಕಷ್ಟ ಬೇರೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಡ್ಡ ಹೊಡೆಯುವ ಮಳೆ, ಉಬ್ಬುವ ಮರ, ಗೆದ್ದಲು, ಉಪ್ಪುಗಾಳಿಗೆ ತುಕ್ಕು ಹಿಡಿಯುವ ಮೊಳೆ. ಅದರ ಬಗ್ಗೆ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲ. ನನಗೆ ಮರ ಕೊಯ್ಯುವ ಜಿಗ್‌ಸಾ ಮೆಷಿನ್ ಕೊಟ್ಟ ಬಡಗಿ ಆಚಾರ್ರು ಒಂದೇ ಮಾತಿನಲ್ಲಿ ಹೇಳಿದರು: "ತೂತು ಯಾರು ಬೇಕಾದ್ರೂ ಕೊರೀತಾರೆ ಮಾರಾಯ್ರೆ, ಅದರ ಬಾಯಿಗೆ ನೀರು ಹೋಗದ ಹಾಗೆ ಮಾಡೋದೇ ಕೆಲಸ."

ಮೊದಲು ಯಾವ ಬಾಗಿಲು ಅನ್ನುವ ಪ್ರಶ್ನೆ. ಮುಂಬಾಗಿಲು ಹಲಸಿನ ಮರದ್ದು. "ಹೊಸ್ತಿಲಿಗೆ ರಂಗೋಲಿ ಇಡುವ ಬಾಗಿಲಿಗೆ ತೂತಾ?" ಅಂತ ಅಮ್ಮ ಕೇಳಿದ ಮೇಲೆ ಆ ಮಾತು ಮುಗಿಯಿತು. ಅಮ್ಮ ಹೇಳದಿದ್ದರೂ ನಾನು ಅದನ್ನು ಮುಟ್ಟುತ್ತಿರಲಿಲ್ಲ, ಯಾಕೆಂದರೆ ಅದು ಪಡುವಣಕ್ಕೆ ಇದೆ. ಮಳೆಗಾಲದ ಗಾಳಿ ನೇರ ಅಲ್ಲಿಗೇ ಬಡಿಯುತ್ತದೆ. ಅಲ್ಲಿ ಫ್ಲ್ಯಾಪ್ ಇಟ್ಟರೆ ರಾತ್ರಿಯಿಡೀ ಟಪಟಪ, ಬೆಳಗ್ಗೆ ಎದ್ದರೆ ಚಾವಡಿಯಲ್ಲಿ ನೀರು. ಅಡುಗೆಮನೆಯ ಹಿಂಬಾಗಿಲು ಮೂಡು ದಿಕ್ಕಿಗೆ ಇದೆ, ಮೇಲೆ ಶೀಟು ಇದೆ, ಆಚೆ ಬಾವಿಕಟ್ಟೆ, ಒಗೆಯುವ ಕಲ್ಲು. ಬೆಕ್ಕು ಹೇಗೂ ಮೀನಿನ ವಾಸನೆ ಇರುವ ಕಡೆಗೇ ಬರುವುದು, ಅಲ್ವಾ.

ಈ ಬಾಗಿಲು ಫ್ಲಶ್ ಡೋರ್, ಅಂದರೆ ಎರಡೂ ಬದಿ ಸಪಾಟಾದ ಬಾಗಿಲು. ಗಟ್ಟಿಯೋ ಟೊಳ್ಳೋ ಅಂತ ಬೆರಳಿನ ಗೆಣ್ಣಿನಿಂದ ಬಡಿದು ನೋಡಬೇಕು. ಟೊಳ್ಳು ಬಾಗಿಲಲ್ಲಿ ಸುತ್ತಲೂ ಮಾತ್ರ ಮರದ ಪಟ್ಟಿ ಇರುತ್ತದೆ, ನಡುವೆ ಕಾಗದದ ಜೇನುಗೂಡು. ಅದನ್ನು ಕೊರೆದರೆ ಫ್ಲ್ಯಾಪ್‌ನ ಸ್ಕ್ರೂ ಹಿಡಿಯಲು ಒಳಗೆ ಏನೂ ಸಿಗುವುದಿಲ್ಲ, ತೂತಿನ ಸುತ್ತ ಮರದ ರೀಪು ತುರುಕಿ ಅಂಟಿಸಬೇಕಾಗುತ್ತದೆ. ನಮ್ಮದು ಬ್ಲಾಕ್‌ಬೋರ್ಡ್ (ಮರದ ಪಟ್ಟಿ ಜೋಡಿಸಿ ಮಾಡಿದ ಹಲಗೆ) ತುಂಬಿದ ಗಟ್ಟಿ ಬಾಗಿಲು, ಸುಮಾರು 32 ಮಿಲಿಮೀಟರ್ ದಪ್ಪ. ಫ್ಲ್ಯಾಪ್ ಕೊಳ್ಳುವ ಮೊದಲು ಈ ದಪ್ಪ ಅಳೆದಿಟ್ಟುಕೊಳ್ಳಿ. ಒಳಗಿನ ಚೌಕಟ್ಟು ಮತ್ತು ಹೊರಗಿನ ಚೌಕಟ್ಟು ಬಾಗಿಲಿನ ನಡುವೆ ಒಂದಕ್ಕೊಂದು ಸೇರಬೇಕು. ಬಾಗಿಲು ತೀರಾ ದಪ್ಪ ಇದ್ದರೆ ನಡುವೆ ಕೂರಿಸುವ ಪ್ಲಾಸ್ಟಿಕ್ ಸುರಂಗ ಬೇರೆ ತರಿಸಬೇಕು.

ಅಳತೆಯ ವಿಷಯದಲ್ಲಿ ಎಲ್ಲರೂ ಬೆಕ್ಕಿನ ತಲೆ ನೋಡುತ್ತಾರೆ. ನೋಡಬೇಕಾದದ್ದು ಹೊಟ್ಟೆ. ಬೆಕ್ಕು ನಿಂತಿರುವಾಗ ಹೊಟ್ಟೆಯ ಕೆಳಭಾಗ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ, ತೂತಿನ ಕೆಳ ಅಂಚು ಹೆಚ್ಚುಕಡಿಮೆ ಅಲ್ಲಿ ಬರಬೇಕು. ದೊಡ್ಡ ಬೆಕ್ಕಿಗೆ ಸಾಧಾರಣ 10ರಿಂದ 15 ಸೆಂಟಿಮೀಟರ್. ಅಗಲಕ್ಕೆ ಭುಜದ ಹತ್ತಿರ, ಅಂದರೆ ದೇಹ ಎಲ್ಲಿ ಹೆಚ್ಚು ಅಗಲವೋ ಅಲ್ಲಿ ಅಳೆಯಿರಿ. ಬೂತಾಯಿ ನಿಂತ ಕಡೆ ನಿಲ್ಲುವ ಜಾತಿಯಲ್ಲ. ಅದು ಊಟ ಮಾಡುವಾಗ ಪಕ್ಕದಲ್ಲಿ ಸ್ಕೇಲ್ ನಿಲ್ಲಿಸಿ ನೋಡಿದೆ.

ಇಲ್ಲಿ ಒಂದು ವಿಷಯ ಜಾಸ್ತಿ ಜನ ಮರೆಯುತ್ತಾರೆ. ಒಳಗಿನ ನೆಲ ಮತ್ತು ಹೊರಗಿನ ನೆಲ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನಮ್ಮ ಕಡೆ ಮಳೆ ನೀರು ಒಳಗೆ ಬರಬಾರದು ಅಂತ ಹೊರಗೆ ಒಂದು ಮೆಟ್ಟಿಲು ಇಳಿಸಿಯೇ ಕಟ್ಟುವುದು. ಒಳಗಿನಿಂದ ಹೊಟ್ಟೆಯ ಎತ್ತರಕ್ಕೆ ಸರಿಯಾಗಿರುವ ತೂತು ಹೊರಗಿನಿಂದ ನೋಡಿದರೆ ಎದೆಗಿಂತ ಮೇಲಿರುತ್ತದೆ. ಎಳೆಯ ಬೆಕ್ಕು ಹಾರಿ ಬರಬಹುದು, ವಯಸ್ಸಾದದ್ದಕ್ಕೆ ಕಷ್ಟ. ನಾನು ಬಾಗಿಲ ಹೊರಗೆ ಒಂದು ಕೆಂಪುಕಲ್ಲು ಅಡ್ಡ ಮಲಗಿಸಿ ಸಿಮೆಂಟಿನಲ್ಲಿ ಕೂರಿಸಿದೆ. ಬಾಗಿಲು ಒಳಗೆ ತೆರೆಯುವುದರಿಂದ ಅದಕ್ಕೇನೂ ತಾಗುವುದಿಲ್ಲ. ಹೊರಗೆ ತೆರೆಯುವ ಬಾಗಿಲಾದರೆ ಕಲ್ಲಿನ ಜಾಗ ಯೋಚಿಸಿ ಇಡಿ.

ಚಿಲಕದ ಕಡೆಯೂ ಒಂದು ಕಣ್ಣು ಇರಲಿ. ತೂತಿನಲ್ಲಿ ಕೈ ಹಾಕಿದರೆ ಕೆಳಗಿನ ಟವರ್ ಬೋಲ್ಟ್ ಸಿಗುವ ಹಾಗಿದ್ದರೆ ಕಳ್ಳನಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ನಾನು ಫ್ಲ್ಯಾಪನ್ನು ತಿರುಗಣೆ ಇರುವ ಬದಿಗೆ ಸರಿಸಿದೆ, ಕೆಳಗಿನ ಬೋಲ್ಟ್ ತೆಗೆದು ಮೇಲೆ ಹಾಕಿದೆ. ಬೀಗದ ಕೈಯನ್ನು ಒಳಗಿನಿಂದ ಬೀಗದಲ್ಲೇ ಬಿಡುವ ಅಭ್ಯಾಸವೂ ಹೋಯಿತು.

ಕೊರೆಯುವ ಕೆಲಸಕ್ಕೆ ಏಪ್ರಿಲ್ ಒಳ್ಳೆಯದು. ಮರ ಒಣಗಿರುತ್ತದೆ, ಬಣ್ಣವೂ ಬೇಗ ಒಣಗುತ್ತದೆ. ಪೆಟ್ಟಿಗೆಯಲ್ಲಿ ಬಂದ ಕಾಗದದ ಅಚ್ಚನ್ನು ಬಾಗಿಲಿಗೆ ಅಂಟಿಸಿ, ರಸಮಟ್ಟ ಇಟ್ಟು ನೋಡಿ ಗೆರೆ ಎಳೆದೆ. ಬಾಗಿಲ ಕೆಳ ಅಂಚನ್ನು ನಂಬಿ ಎಳೆಯಬೇಡಿ, ಎಷ್ಟೋ ಬಾಗಿಲು ಮಳೆಗಾಲದಲ್ಲಿ ಸಿಕ್ಕಿಕೊಂಡಾಗ ಓರೆಯಾಗಿ ಹತ್ತರಿ ಹೊಡೆಸಿಕೊಂಡಿರುತ್ತದೆ. ಗೆರೆಯ ಮೇಲೆ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಹಾಕಿದೆ. ನಾಲ್ಕು ಮೂಲೆಯಲ್ಲಿ ಮೊದಲು ಸಣ್ಣ ಬಿಟ್‌ನಿಂದ ಆರಪಾರ ತೂತು. ಅದೇ ತೂತು ಹಿಂದಿನ ಬದಿಗೆ ಗುರುತಾಗುತ್ತದೆ. ಆಮೇಲೆ ಜಿಗ್‌ಸಾ ಬ್ಲೇಡ್ ಹೋಗುವಷ್ಟು ದೊಡ್ಡ ಬಿಟ್, ಅರ್ಧ ಒಳಗಿನಿಂದ, ಅರ್ಧ ಹೊರಗಿನಿಂದ. ಒಂದೇ ಕಡೆಯಿಂದ ದೂಡಿದರೆ ಆಚೆ ಬದಿಯ ಪದರ ಸಿಗಿದು ಬರುತ್ತದೆ.

ಸಾಮಾನ್ಯ ಜಿಗ್‌ಸಾ ಬ್ಲೇಡ್ ಮೇಲೆ ಏಳುವಾಗ ಕೊಯ್ಯುತ್ತದೆ. ಹಾಗಾಗಿ ಮೆಷಿನ್ ಇರುವ ಬದಿಯಲ್ಲೇ ಸನ್‌ಮೈಕಾ ಚಕ್ಕೆ ಏಳುವುದು. ಚಂದ ಕಾಣಬೇಕಾದದ್ದು ಒಳಬದಿ, ಆದ್ದರಿಂದ ಹೊರಗೆ ಕೂತು ಕೊಯ್ದೆ. ಸಣ್ಣ ಹಲ್ಲಿನ ಬ್ಲೇಡ್ ಹಾಕಿ, ಮೆಷಿನನ್ನು ದೂಡದೆ ಅದರಷ್ಟಕ್ಕೆ ಹೋಗಲು ಬಿಟ್ಟರೆ ಸಾಕು. ಕೊನೆಯ ಬದಿ ಕೊಯ್ಯುವಾಗ ಒಳಗಿನಿಂದ ಒಬ್ಬರು ತುಂಡನ್ನು ಹಿಡಿದುಕೊಳ್ಳಬೇಕು, ಇಲ್ಲವಾದರೆ ಅದರ ಭಾರಕ್ಕೆ ಮೂಲೆ ಸೀಳುತ್ತದೆ.

ಈಗ ಆಚಾರ್ರು ಹೇಳಿದ ಕೆಲಸ. ಕೊಯ್ದ ಅಂಚನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ: ಮೇಲೆ ಕೆಳಗೆ ತೆಳು ಪದರ, ನಡುವೆ ಮರದ ಪಟ್ಟಿಗಳು, ಪಟ್ಟಿಗಳ ನಡುವೆ ಅಲ್ಲಲ್ಲಿ ಉಗುರು ಹೋಗುವಷ್ಟು ಸಂದಿ. ಬಾಗಿಲಿನ ಮೈಗೆ ಬಣ್ಣ ಇದೆ, ಈ ಬಾಯಿಗೆ ಏನೂ ಇಲ್ಲ. ಒದ್ದೆ ಮೈಯ ಬೆಕ್ಕು ದಿನಕ್ಕೆ ಹತ್ತು ಸಲ ಉಜ್ಜಿಕೊಂಡು ಹೋಗುವುದೂ ಇಲ್ಲಿಂದಲೇ. ನೀರು ಪಟ್ಟಿಗೆ ಇಳಿದರೆ ಮೊದಲು ಉಬ್ಬುತ್ತದೆ, ಆಮೇಲೆ ಪದರ ಬಿಟ್ಟುಕೊಳ್ಳುತ್ತದೆ, ಆಮೇಲೆ ಗೆದ್ದಲಿಗೆ ಹಬ್ಬ. ಬಾಗಿಲು ಬಿಡಬ್ಲ್ಯೂಪಿ ದರ್ಜೆಯದ್ದಾದರೆ (ಕುದಿಯುವ ನೀರಿಗೂ ಬಿಡದ ಅಂಟು ಹಾಕಿದ್ದು) ಅಂಟು ತಡೆಯುತ್ತದೆ, ಆದರೆ ಮರ ನೀರು ಕುಡಿಯುವುದು ತಪ್ಪುವುದಿಲ್ಲ.

ನಾನು ಮಾಡಿದ್ದು ಹೀಗೆ. ಅಂಚನ್ನು ಸ್ಯಾಂಡ್ ಪೇಪರ್‌ನಿಂದ ನುಣುಪು ಮಾಡಿ ಹೊಟ್ಟು ಒರೆಸಿದೆ. ಗೆದ್ದಲಿನ ಔಷಧಿಯನ್ನು ಬ್ರಷ್‌ನಲ್ಲಿ ಹಚ್ಚಿ ಪೂರಾ ಒಣಗಲು ಬಿಟ್ಟೆ. ಆ ಔಷಧಿಯ ವಾಸನೆ ಹೋಗುವವರೆಗೆ ಬೆಕ್ಕನ್ನು ಹತ್ತಿರ ಬಿಡಬಾರದು, ಅದು ಮೈ ನೆಕ್ಕಿಕೊಳ್ಳುವ ಪ್ರಾಣಿ. ಸಂದಿಗಳಿಗೆ ಎಪಾಕ್ಸಿ ಪುಟ್ಟಿ ಒತ್ತಿ ತುಂಬಿದೆ. ಅದರ ಮೇಲೆ ವುಡ್ ಪ್ರೈಮರ್, ಅದರ ಮೇಲೆ ಎನಾಮಲ್ ಎರಡು ಕೋಟು. ಕೊರೆಯುವುದು ಬೆಳಗ್ಗಿನ ತಿಂಡಿಯ ಮೊದಲು ಮುಗಿದಿತ್ತು. ಈ ಅಂಚಿನ ಕೆಲಸ ದಿನಗಟ್ಟಲೆ ಎಳೆಯಿತು, ಅಲ್ಲಿಯವರೆಗೆ ತೂತಿಗೆ ಹಳೆಯ ಪ್ಲೈವುಡ್ ತುಂಡು ಅಡ್ಡ. ಬೂತಾಯಿ ಅದರ ಎದುರು ಕೂತು ನನ್ನ ಮುಖ ನೋಡುವುದು.

ಚೌಕಟ್ಟು ಕೂರಿಸುವಾಗ ಸುತ್ತಲೂ ಎರಡು ಮೂರು ಮಿಲಿಮೀಟರ್ ಸಡಿಲ ಇರಲಿ, ಆ ಜಾಗಕ್ಕೆ ಸಿಲಿಕೋನ್. ಮೇಲೆ ಮತ್ತು ಎರಡು ಬದಿ ಪೂರ್ತಿ ಮುಚ್ಚಿ, ಕೆಳಗಡೆ ಹೊರಬದಿಯಲ್ಲಿ ಸಣ್ಣ ಸಂದಿ ಬಿಡಿ. ಹೇಗಾದರೂ ಒಳಗೆ ನುಗ್ಗಿದ ನೀರು ಹೊರಗೆ ಹೋಗಲು ದಾರಿ ಬೇಕಲ್ಲ. ಜೊತೆಗೆ ಬಂದ ಸ್ಕ್ರೂಗಳನ್ನು ಬದಿಗಿಟ್ಟು ಬಂದರಿನ ಹಾರ್ಡ್‌ವೇರ್ ಅಂಗಡಿಯಿಂದ ಸ್ಟೇನ್‌ಲೆಸ್ ಸ್ಟೀಲಿನದ್ದು ತಂದೆ. ಸಮುದ್ರದ ಗಾಳಿಗೆ ಸಾದಾ ಸ್ಕ್ರೂ ತುಕ್ಕು ಹಿಡಿದು ಬಿಳಿ ಪ್ಲಾಸ್ಟಿಕ್ ಮೇಲೆ ಕಂದು ಗೀರು ಇಳಿಯುತ್ತದೆ. ಸ್ಕ್ರೂ ತಿರುಗಿಸುವಾಗ ಕೈ ಹಿಡಿತದಲ್ಲಿರಲಿ. ಡ್ರಿಲ್‌ನಲ್ಲಿ ಬಿಗಿದರೆ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗಿ ಫ್ಲ್ಯಾಪ್ ಬದಿಗೆ ಉಜ್ಜುತ್ತದೆ. ಒಂದೊಂದೇ ಸುತ್ತು ತಿರುಗಿಸಿ, ಪ್ರತಿ ಸಲ ಫ್ಲ್ಯಾಪನ್ನು ಬೆರಳಿನಿಂದ ದೂಡಿ ನೋಡಿ. ತಾನಾಗಿ ವಾಪಸ್ ಬಂದು ಮ್ಯಾಗ್ನೆಟ್‌ಗೆ ಟಕ್ ಅಂತ ಕೂರಬೇಕು.

ಬೆಕ್ಕಿಗೆ ಕಲಿಸುವುದು ದೊಡ್ಡ ವಿಷಯವಲ್ಲ, ಅವಸರ ಮಾಡದಿದ್ದರೆ. ಮೊದಲು ಫ್ಲ್ಯಾಪನ್ನು ಪೂರ್ತಿ ಎತ್ತಿ ಟೇಪ್ ಹಾಕಿ ಬಿಟ್ಟೆ. ಬರೀ ತೂತು ಅಂದರೆ ಬೆಕ್ಕಿಗೆ ಹೆದರಿಕೆ ಇಲ್ಲ. ಆಮೇಲೆ ಬಟ್ಟೆಯ ಕ್ಲಿಪ್ ಸಿಕ್ಕಿಸಿ ಅರ್ಧಕ್ಕೆ ಇಳಿಸಿದೆ. ಕೊನೆಗೆ ಪೂರ್ತಿ. ಆಚೆ ಬದಿಯಲ್ಲಿ ಲಂಚಕ್ಕೆ ಒಣ ಸಿಗಡಿ. ಹಸಿ ಮೀನನ್ನೇ ಕೊಡುವೆ ಅಂತ ಹೊರಟರೆ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ, ಬಂಗುಡೆಯ ಬೆಲೆ ಏರಿ ನಮಗೇ ಸಿಗುವುದಿಲ್ಲ. ಬೆಕ್ಕನ್ನು ಹಿಡಿದು ತೂತಿನಲ್ಲಿ ತುರುಕುವುದು ಮಾತ್ರ ಬೇಡ. ಒಮ್ಮೆ ಹಾಗೆ ಮಾಡಿದರೆ ಅದು ಆ ಬಾಗಿಲ ಹತ್ತಿರ ಸುಳಿಯುವುದಿಲ್ಲ.

ನೋಡಲು ಬಂದವರೆಲ್ಲ ಬೆಕ್ಕಿನ ಬಾಗಿಲು ಕಂಡುಹಿಡಿದದ್ದೇ ವಿಜ್ಞಾನಿ ನ್ಯೂಟನ್ ಅನ್ನುವ ಕಥೆ ಹೇಳುತ್ತಾರೆ. ದೊಡ್ಡ ಬೆಕ್ಕಿಗೆ ದೊಡ್ಡ ತೂತು, ಮರಿಗೆ ಸಣ್ಣ ತೂತು ಅಂತ ಎರಡು ಕೊರೆಸಿದನಂತೆ. ಸುಮ್ನೆ ತಮಾಷೆಯ ಕಥೆ ಅದು. ಇಂಗ್ಲೆಂಡಿನ ಎಕ್ಸೆಟರ್ ಚರ್ಚಿನ ಬಾಗಿಲಲ್ಲಿ ಬಿಷಪ್‌ನ ಬೆಕ್ಕಿಗಾಗಿ ಕೊರೆದ ತೂತು ಈಗಲೂ ಇದೆ, ಅದು ನ್ಯೂಟನ್ ಹುಟ್ಟುವ ಮೊದಲಿನದ್ದು.

ಬೆಕ್ಕು ಹೋಗುವ ದಾರಿಯಲ್ಲಿ ಬೇರೆಯವೂ ಬರುತ್ತವೆ, ಇದನ್ನು ಮುಚ್ಚಿಡುವುದು ಬೇಡ. ಹೆಗ್ಗಣ, ಕಪ್ಪೆ, ಪಕ್ಕದ ಮನೆಯ ಗಂಡು ಬೆಕ್ಕು. ಹಾವಿನ ಹೆದರಿಕೆ ಮನೆಯಲ್ಲಿ ಎಲ್ಲರಿಗೂ ಇತ್ತು. ನನ್ನದು ನಾಲ್ಕು ಬಗೆಯ ಬೀಗದ ಫ್ಲ್ಯಾಪ್: ಎರಡೂ ಕಡೆ ಬಿಡುವುದು, ಒಳಗೆ ಬರಲು ಮಾತ್ರ, ಹೊರಗೆ ಹೋಗಲು ಮಾತ್ರ, ಪೂರ್ತಿ ಬಂದ್. ಸಂಜೆಯಾದ ಮೇಲೆ 'ಒಳಗೆ ಮಾತ್ರ'ಕ್ಕೆ ತಿರುಗಿಸುತ್ತೇವೆ. ಬೂತಾಯಿ ಬಂದು ಮಲಗಿದ ಮೇಲೆ ಪೂರ್ತಿ ಬಂದ್. ಬೆಳಗಿನ ಜಾವ ಯಾರೂ ಏಳುವುದಿಲ್ಲವಾ ಅಂತ ಕೇಳಿದರೆ, ಒಳಗಿರುವ ಬೆಕ್ಕು ಐದೂವರೆಯವರೆಗೆ ಕಾಯಲು ಕಲಿತಿದೆ. ಹೊರಗೆ ಉಳಿದ ಬೆಕ್ಕಿನ ಕೂಗು ಇಲ್ಲವಾಯಿತು, ಅಷ್ಟು ಸಾಕು. ಕೆಳ ಅಂಚಿನ ಸಂದಿಗೆ ಬ್ರಷ್ ಪಟ್ಟಿ ಅಂಟಿಸಿದ್ದೇನೆ. ಹಗಲು ಹೊತ್ತು ಫ್ಲ್ಯಾಪ್ ಸಡಿಲ ಇದ್ದಾಗ ಬಾಗಿಲ ಎದುರು ಸೌದೆ, ತೆಂಗಿನ ಸಿಪ್ಪೆ ರಾಶಿ ಇರದ ಹಾಗೆ ನೋಡಿಕೊಳ್ಳುತ್ತೇವೆ, ಹಾವಿಗೆ ಅಡಗುವ ಜಾಗ ಹತ್ತಿರ ಇರಬಾರದು. ಇನ್ನು ಬೂತಾಯಿ ಬಾಯಲ್ಲಿ ಕಚ್ಚಿಕೊಂಡು ತರುವ ಓತಿಕ್ಯಾತಕ್ಕೆ ಯಾವ ಬೀಗವೂ ಇಲ್ಲ.

ಮೈಕ್ರೋಚಿಪ್ ಓದಿ ತೆರೆಯುವ ಫ್ಲ್ಯಾಪ್ ಕೂಡ ಸಿಗುತ್ತದೆ. ಬೆಕ್ಕಿನ ಕುತ್ತಿಗೆಯ ಹಿಂದೆ ಚರ್ಮದಡಿ ಡಾಕ್ಟರ್ ಹಾಕುವ ಅಕ್ಕಿಕಾಳಿನಷ್ಟು ದೊಡ್ಡ ಚಿಪ್‌ನ ನಂಬರ್ ನೋಡಿ ಅದಕ್ಕೆ ಮಾತ್ರ ದಾರಿ ಬಿಡುತ್ತದೆ, ಪೆನ್ಸಿಲ್ ಸೆಲ್‌ನಲ್ಲಿ ನಡೆಯುತ್ತದೆ. ಪಕ್ಕದ ಮನೆಯ ಗಂಡು ಬೆಕ್ಕಿನ ಕಾಟ ಜಾಸ್ತಿ ಇದ್ದವರಿಗೆ ಅದು ಸರಿ. ನಮಗೆ ಅಷ್ಟು ದುಡ್ಡು ಹಾಕುವ ಅಗತ್ಯ ಕಾಣಲಿಲ್ಲ.

ಬಾಡಿಗೆ ಮನೆಯವರು ಬಾಗಿಲು ಮುಟ್ಟಬೇಡಿ. ಸ್ಲೈಡಿಂಗ್ ಕಿಟಕಿಯ ನೆಟ್ ಪಟ್ಟಿಯನ್ನು ಬಿಚ್ಚಿಟ್ಟು, ಅದೇ ಅಳತೆಯ ಪ್ಲೈವುಡ್ ಇಲ್ಲವೇ ಅಕ್ರಿಲಿಕ್ ಹಾಳೆಯಲ್ಲಿ ಫ್ಲ್ಯಾಪ್ ಕೂರಿಸಿ ಸಿಕ್ಕಿಸಬಹುದು. ಮನೆ ಬಿಡುವಾಗ ನೆಟ್ ವಾಪಸ್. ಗಾಜಿಗೇ ತೂತು ಮಾಡಿಸುವ ಯೋಚನೆ ಇದ್ದರೆ ಟಫನ್ಡ್ ಗಾಜೋ ಅಂತ ಕೇಳಿಕೊಳ್ಳಿ, ಅದನ್ನು ಹದ ಮಾಡಿದ ಮೇಲೆ ಕೊಯ್ಯಲು ಆಗುವುದಿಲ್ಲ, ಪುಡಿಪುಡಿಯಾಗುತ್ತದೆ. ಮೂರನೇ ಮಹಡಿಯ ಬಾಲ್ಕನಿಗೆ ತೆರೆಯುವ ಫ್ಲ್ಯಾಪ್ ಅಂತೂ ಬಾಲ್ಕನಿಗೆ ಬಲೆ ಹಾಕಿಸದೆ ಬೇಡವೇ ಬೇಡ.

ಮಳೆಗಾಲ ಮುಗಿದ ಮೇಲೆ ಒಮ್ಮೆ ಎಲ್ಲ ಬಿಚ್ಚಿ ನೋಡುತ್ತೇನೆ. ಮ್ಯಾಗ್ನೆಟ್‌ಗೆ ಕಬ್ಬಿಣದ ಪುಡಿ ಅಂಟಿರುತ್ತದೆ, ತಿರುಗಣೆಯಲ್ಲಿ ಕೂದಲು ಸುತ್ತಿರುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದರೆ ಹೋಗುತ್ತದೆ. ಮೊದಲ ಮಳೆಗಾಲ ಕಳೆದಾಗ ಕೆಳಗಿನ ಎಡಮೂಲೆಯಲ್ಲಿ ಬಣ್ಣ ಸಣ್ಣಗೆ ಬಿರಿದಿತ್ತು. ಅಲ್ಲಿ ಕೆರೆದು ಪ್ರೈಮರ್, ಬಣ್ಣ ಮತ್ತೆ ಕೊಟ್ಟೆ, ಸಿಲಿಕೋನ್ ಕಿತ್ತು ಹೊಸದು ಹಾಕಿದೆ. ಉಳಿದ ಮೂರು ಮೂಲೆ ಗಟ್ಟಿಯಾಗಿಯೇ ಇವೆ.