ಆಟಿಕೆ ವಿಮಾನಕ್ಕೆ ನೀರಿನ ಡೆಕಾಲ್ ಅಂಟಿಸೋದು: ಬೆರಳು ದೂರ ಇಡಿ, ನೀರಿಗೆ ಕೆಲಸ ಬಿಡಿ

ಕಲೆಕ್ಷನ್‌ನಲ್ಲಿ ಒಂದು ಡೈಕಾಸ್ಟ್ (ಲೋಹ ಎರಕ ಹೊಯ್ದು ಮಾಡಿದ) ಆಟಿಕೆ ವಿಮಾನ ಇದೆ, ಶೇಪ್ ಚೆನ್ನಾಗಿದೆ, ಬಣ್ಣನೂ ಪರವಾಗಿಲ್ಲ, ಆದ್ರೆ ಮೇಲಿರೋ ಹೆಸರು ನಿಮಗೆ ಬೇಡ, ಬೇರೆ ರಿಜಿಸ್ಟ್ರೇಷನ್ ನಂಬರ್ ಬೇಕು, ಇಲ್ಲಾ ಇಷ್ಟದ ಸ್ಕ್ವಾಡ್ರನ್ ಗುರುತು ಬೇಕು, ಇಲ್ಲಾ ಸುಮ್ನೆ ಬಾಲದ ಮೇಲೆ ಮಗಳ ಹೆಸರು ಬರ್ಬೇಕು ಅಷ್ಟೇ. ಇದಕ್ಕೆ ವಾಟರ್‌ಸ್ಲೈಡ್ ಡೆಕಾಲ್‌ನಷ್ಟು ಚೆಂದದ ದಾರಿ ಇನ್ನೊಂದಿಲ್ಲ. ಸ್ಟಿಕ್ಕರ್ ಅಂಟಿಸಿದ್ರೆ ಅದರ ದಪ್ಪ ಅಂಚು ಎದ್ದು ಕಾಣತ್ತೆ. ಡೆಕಾಲ್ ಸರಿಯಾಗಿ ಕೂತ್ರೆ ಪೇಂಟ್ ಮಾಡಿದ್ದೋ ಅಂಟಿಸಿದ್ದೋ ಅಂತಾನೇ ಗೊತ್ತಾಗಲ್ಲ. ಸರಿಯಾಗಿ ಕೂರ್ಲಿಲ್ಲ ಅಂದ್ರೆ ಮಾತ್ರ ಇಡೀ ವಿಮಾನ ಹಾಳಾದ ಹಾಗೆ ಕಾಣತ್ತೆ, ಅದನ್ನೂ ಮೊದಲೇ ಹೇಳ್ಬಿಡ್ತೀನಿ.

ಮೊದಲು ಇದು ಕೆಲಸ ಮಾಡೋ ರೀತಿ ತಿಳ್ಕೊಳ್ಳಿ, ಆಮೇಲಿನದೆಲ್ಲ ಸುಲಭ. ಡೆಕಾಲ್ ಶೀಟ್‌ನಲ್ಲಿ ಅಡಿಗೆ ಒಂದು ಪೇಪರ್, ಅದರ ಮೇಲೆ ನೀರಲ್ಲಿ ಕರಗೋ ಅಂಟು, ಅದರ ಮೇಲೆ ಕೂದಲಿಗಿಂತ ತೆಳು ಅನ್ನಬಹುದಾದ ಪಾರದರ್ಶಕ ಫಿಲ್ಮ್, ಆ ಫಿಲ್ಮ್ ಮೇಲೆ ಇಂಕು. ನೀರಲ್ಲಿ ಅದ್ದಿದಾಗ ಪೇಪರ್ ನೀರು ಕುಡಿಯತ್ತೆ, ಅಂಟು ಸಡಿಲ ಆಗತ್ತೆ, ಫಿಲ್ಮ್ ಜಾರತ್ತೆ. ಅಷ್ಟೇ ವಿಷಯ. ಹಾಗಾಗಿ ಕಿತ್ತು ಅಂಟಿಸೋದು ಅನ್ನೋ ಯೋಚನೆನೇ ತಲೆಯಿಂದ ತೆಗೆದುಹಾಕಿ, ಇಲ್ಲಿ ಕೀಳೋದು ಏನೂ ಇಲ್ಲ, ಜಾರಿಸೋದು ಮಾತ್ರ.

ಡೆಕಾಲ್ ಎಲ್ಲಿಂದ ಅಂದ್ರೆ ರೆಡಿಮೇಡ್ ಶೀಟ್ ಸಿಗತ್ತೆ, ಇಲ್ಲಾ ಖಾಲಿ ಡೆಕಾಲ್ ಪೇಪರ್ ತಗೊಂಡು ಪ್ರಿಂಟ್ ಮಾಡ್ಕೋಬಹುದು. ಸ್ವಂತ ಪ್ರಿಂಟ್ ಅಂದ್ರೆ ಮೂರು ವಿಷಯ ನೆನಪಿರಲಿ. ಒಂದು, ಮನೇಲಿರೋ ಪ್ರಿಂಟರ್ ಬಿಳಿ ಬಣ್ಣ ಪ್ರಿಂಟ್ ಮಾಡಲ್ಲ. ನಿಮ್ಮ ಡಿಸೈನ್‌ನಲ್ಲಿ ಬಿಳಿ ಇರೋ ಕಡೆ ಪೇಪರ್ ಖಾಲಿ ಬಿಡತ್ತೆ, ಕ್ಲಿಯರ್ ಪೇಪರ್ ಆದ್ರೆ ಅಲ್ಲಿ ವಿಮಾನದ ಬಣ್ಣನೇ ಕಾಣತ್ತೆ. ಬಿಳಿ ಬಾಡಿ ಮೇಲೆ ಕ್ಲಿಯರ್ ಪೇಪರ್ ಸಾಕು, ನೀಲಿ ಅಥವಾ ಕಪ್ಪು ಬಾಲದ ಮೇಲೆ ಹಳದಿ ಅಕ್ಷರ ಬೇಕು ಅಂದ್ರೆ ಬಿಳಿ ಡೆಕಾಲ್ ಪೇಪರ್ ಬೇಕು, ಇಲ್ಲಾಂದ್ರೆ ಹಳದಿ ಎಲ್ಲಿ ಹೋಯ್ತು ಅಂತ ಹುಡುಕ್ತಾ ಕೂರ್ತೀರ. ಎರಡು, ಇಂಕ್‌ಜೆಟ್‌ನಲ್ಲಿ ಪ್ರಿಂಟ್ ಮಾಡಿದ್ರೆ ಆ ಇಂಕು ನೀರಲ್ಲಿ ಬಿಟ್ಕೊಳ್ಳತ್ತೆ, ಹಾಗಾಗಿ ಪೂರ್ತಿ ಒಣಗಿಸಿ ಮೇಲೆ ಕ್ಲಿಯರ್ ಅಕ್ರಿಲಿಕ್ ಸ್ಪ್ರೇ ಎರಡು ಮೂರು ತೆಳು ಪದರ ಹೊಡೀಲೇಬೇಕು. ಲೇಸರ್ ಪ್ರಿಂಟರ್‌ಗೆ ಸಾಮಾನ್ಯವಾಗಿ ಇದರ ಅಗತ್ಯ ಇಲ್ಲ, ಆದ್ರೆ ಅದಕ್ಕೆ ಲೇಸರ್ ಪೇಪರೇ ಹಾಕ್ಬೇಕು, ಇಂಕ್‌ಜೆಟ್ ಪೇಪರ್ ಹಾಕಿದ್ರೆ ಒಳಗಿನ ಬಿಸಿಗೆ ಫಿಲ್ಮ್ ಕರಗಿ ಪ್ರಿಂಟರೇ ಹೋಗೋ ಚಾನ್ಸ್ ಇದೆ.

ಮೂರನೇದು ಸೈಜು, ಇದರಲ್ಲೇ ಜಾಸ್ತಿ ಜನ ಎಡವೋದು. ನಿಜವಾದ ವಿಮಾನದ ಅಳತೆಯನ್ನ ಸ್ಕೇಲ್‌ನಿಂದ ಭಾಗಿಸಿ. ನಿಜವಾದ ಬಾಲದ ಮೇಲೆ 2 ಮೀಟರ್ ಲೋಗೋ ಇದ್ರೆ 1:200 ಮಾಡೆಲ್‌ನಲ್ಲಿ ಅದು 10 ಮಿಲಿಮೀಟರ್, 1:400ರಲ್ಲಿ 5 ಮಿಲಿಮೀಟರ್. 30 ಸೆಂಟಿಮೀಟರ್ ಎತ್ತರದ ನಂಬರ್ 1:72 ಫೈಟರ್ ಮೇಲೆ ಸುಮಾರು 4 ಮಿಲಿಮೀಟರ್ ಬರತ್ತೆ, ಆರಾಮಾಗಿ ಓದಬಹುದು, ಅದೇ ನಂಬರ್ 1:400ರಲ್ಲಿ ಮುಕ್ಕಾಲು ಮಿಲಿಮೀಟರ್, ಮನೆ ಪ್ರಿಂಟರ್‌ನಲ್ಲಿ ಅದು ಅಕ್ಷರ ಅಲ್ಲ, ಇರುವೆ ಸಾಲು. ಮೊದಲು ಮಾಮೂಲಿ ಪೇಪರ್ ಮೇಲೆ ಪ್ರಿಂಟ್ ತೆಗೆದು, ಕತ್ತರಿಸಿ, ವಿಮಾನದ ಮೇಲೆ ಟೇಪ್‌ನಲ್ಲಿ ಹಿಡಿಸಿ ನೋಡಿ. ಡೆಕಾಲ್ ಪೇಪರ್ ವೇಸ್ಟ್ ಆಗಲ್ಲ.

ಈಗ ವಿಮಾನದ ಮೇಲಿರೋ ಹಳೆ ಪ್ರಿಂಟ್ ತೆಗೆಯೋದು. ಕಲೆಕ್ಟಿಬಲ್ ವಿಮಾನಗಳ ಮೇಲೆ ಸಾಮಾನ್ಯವಾಗಿ ಇರೋದು ಪ್ಯಾಡ್ ಪ್ರಿಂಟ್, ಕಲೆಕ್ಟರ್‌ಗಳು ಟ್ಯಾಂಪೋ ಅಂತಾರೆ. ಇಯರ್ ಬಡ್‌ಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಹಚ್ಕೊಂಡು ನಿಧಾನ ಉಜ್ಜಿ ನೋಡಿ, ಎಷ್ಟೋ ಪ್ರಿಂಟ್ ಹೋಗತ್ತೆ, ಕೆಲವು ಜಪ್ಪಯ್ಯ ಅಂದ್ರೂ ಹೋಗಲ್ಲ. ಮೊದಲು ಹೊಟ್ಟೆ ಕೆಳಗೆ, ಯಾರಿಗೂ ಕಾಣದ ಜಾಗದಲ್ಲಿ ಟ್ರೈ ಮಾಡಿ, ಯಾಕಂದ್ರೆ ಕೆಲವು ಸಲ ಪ್ರಿಂಟ್ ಜೊತೆ ಅಡಿಯ ಬಣ್ಣನೂ ಬರತ್ತೆ. ಅಸಿಟೋನ್ ಇರೋ ನೇಲ್ ಪಾಲಿಶ್ ರಿಮೂವರ್ ಅಂತೂ ಹತ್ರಾನೂ ತರಬೇಡಿ. ಬಾಡಿ ಲೋಹದ್ದೇ ಇರಬಹುದು, ಆದ್ರೆ ಇಂಜಿನ್, ಆಂಟೆನಾ, ಎಷ್ಟೋ ಸಲ ರೆಕ್ಕೆಗಳೂ ಪ್ಲಾಸ್ಟಿಕ್, ಅಸಿಟೋನ್ ತಾಗಿದ್ರೆ ಕರಗಿ ಅಂಟಂಟಾಗತ್ತೆ. ಪ್ರಿಂಟ್ ಹೋಗ್ಲೇ ಇಲ್ಲ ಅಂದ್ರೆ 2000 ಗ್ರಿಟ್ ನೀರು ಕಾಗದ (ಒದ್ದೆ ಮಾಡಿ ಬಳಸೋ ನುಣ್ಣನೆ ಮರಳು ಕಾಗದ) ಒದ್ದೆ ಮಾಡಿ ಮೆಲ್ಲಗೆ ಉಜ್ಜೋದು, ಇಲ್ಲಾ ಆ ಭಾಗಕ್ಕೆ ಹೊಸದಾಗಿ ಪೇಂಟ್ ಹೊಡೆಯೋದು. ಅಪರೂಪದ ಮಾಡೆಲ್ ಆಗಿದ್ರೆ ಒಂದು ಸಲ ಯೋಚನೆ ಮಾಡಿ, ಕಂಪನಿ ಪ್ರಿಂಟ್ ಒಮ್ಮೆ ಹೋದ್ರೆ ವಾಪಸ್ ಬರಲ್ಲ. ನಾನಂತೂ ಕಾಲು ಮುರಿದ, ಡಬ್ಬ ಕಳೆದುಹೋದ ವಿಮಾನಗಳ ಮೇಲೇ ಕೈ ಪಳಗಿಸಿದ್ದು.

ಆಮೇಲೆ ಸೋಪ್ ನೀರಲ್ಲಿ ತೊಳೆದು ಒಣಗಿಸಿ, ಬೆರಳಿನ ಜಿಡ್ಡು ಇರಬಾರದು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು: ಮೇಲ್ಮೈ ನುಣ್ಣಗೆ, ಹೊಳೆಯೋ ಹಾಗಿರಬೇಕು. ನನ್ನ ಮೊದಲ ಡೆಕಾಲ್ ಹಾಕಿದ್ದು ಒಂದು ಮ್ಯಾಟ್ ಬೂದು ಫೈಟರ್ ಮೇಲೆ, ರಾತ್ರಿ ಹಾಕಿ ಮಲಗಿದಾಗ ಎಷ್ಟು ಚೆನ್ನಾಗಿದೆ ಅಂತ ನನ್ನ ಬೆನ್ನು ನಾನೇ ತಟ್ಕೊಂಡಿದ್ದೆ, ಬೆಳಿಗ್ಗೆ ಕಿಟಕಿ ಬೆಳಕಲ್ಲಿ ನೋಡಿದ್ರೆ ಪ್ರತಿ ನಂಬರ್ ಸುತ್ತ ಬೆಳ್ಳಿ ಬಣ್ಣದ ಮಂಜು ಕೂತಿತ್ತು, ಬಸವನ ಹುಳು ಹರಿದ ಜಾಡಿನ ತರ. ಇದಕ್ಕೆ ಸಿಲ್ವರಿಂಗ್ ಅಂತಾರೆ. ಮ್ಯಾಟ್ ಪೇಂಟ್ ಅಂದ್ರೆ ಕಣ್ಣಿಗೆ ಕಾಣದ ಏರುತಗ್ಗು, ಫಿಲ್ಮ್ ಏರಿನ ಮೇಲೆ ಕೂರತ್ತೆ, ತಗ್ಗಲ್ಲಿ ಗಾಳಿ ಉಳಿಯತ್ತೆ, ಆ ಗಾಳಿನೇ ಬೆಳಕಿಗೆ ಬೆಳ್ಳಿ ತರ ಹೊಳೆಯೋದು. ಅದಕ್ಕೇ ಮ್ಯಾಟ್ ವಿಮಾನ ಆದ್ರೆ ಮೊದಲು ಗ್ಲಾಸಿ ಕ್ಲಿಯರ್ ಕೋಟ್ ತೆಳುವಾಗಿ ಹೊಡೆದು ಒಂದು ದಿನ ಪೂರ್ತಿ ಒಣಗಲು ಬಿಡಿ, ಕೊನೇಲಿ ಬೇಕಾದ್ರೆ ಮತ್ತೆ ಮ್ಯಾಟ್ ಮಾಡ್ಕೋಬಹುದು. ಏರ್‌ಲೈನರ್ ಮಾಡೆಲ್‌ಗಳು ಹೆಚ್ಚಾಗಿ ಮೊದಲೇ ಹೊಳೆಯೋ ಪೇಂಟ್‌ನಲ್ಲಿ ಬರ್ತವೆ, ಅವಕ್ಕೆ ಈ ಹಂತ ಬೇಡ. ಇದನ್ನ ಬಿಟ್ಟು ಮುಂದಿನ ಕೆಲಸ ಎಷ್ಟೇ ನಾಜೂಕಾಗಿ ಮಾಡಿದ್ರೂ ಹೊಳೇಲಿ ಹುಣಸೆಹಣ್ಣು ಕಲಸಿದ ಹಾಗೆ.

ಸರಿ, ಈಗ ಅಂಟಿಸೋಣ. ಹೊಸ ಬ್ಲೇಡ್‌ನಿಂದ ಚಿತ್ರದ ಅಂಚಿಗೆ ಸಾಧ್ಯವಾದಷ್ಟು ಹತ್ತಿರ ಕತ್ತರಿಸಿ. ಶೀಟನ್ನ ಬೆಳಕಿಗೆ ಓರೆ ಹಿಡಿದು ನೋಡಿ, ಕೆಲವು ಶೀಟ್‌ನಲ್ಲಿ ಫಿಲ್ಮ್ ಪ್ರತಿ ಚಿತ್ರದ ಸುತ್ತ ಮಾತ್ರ ಇರತ್ತೆ, ಕೆಲವದ್ರಲ್ಲಿ ಶೀಟ್ ಪೂರ್ತಿ ಒಂದೇ ಹಾಳೆ, ಎರಡನೇ ತರದ್ದಾದ್ರೆ ನೀವು ಕತ್ತರಿಸಿದ್ದೇ ಅಂಚು. ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು. ಟ್ವೀಜರ್‌ನಲ್ಲಿ ಪೇಪರಿನ ಮೂಲೆ ಹಿಡಿದು ಹತ್ತರಿಂದ ಹದಿನೈದು ಸೆಕೆಂಡ್ ಅದ್ದಿ, ತೆಗೆದು, ಒಂದು ಟಿಶ್ಯೂ ಮೇಲೆ ಮುಖ ಮೇಲಾಗಿ ಇಡಿ, ಒಂದು ನಿಮಿಷ ಸುಮ್ನೆ ಇರಿ. ನೀರಲ್ಲೇ ಬಿಟ್ಟು ಬೇರೆ ಕಡೆ ಹೋದ್ರೆ ಡೆಕಾಲ್ ಪೇಪರ್ ಬಿಟ್ಟು ತೇಲತ್ತೆ, ಅಂಟೆಲ್ಲ ನೀರು ಪಾಲಾಗತ್ತೆ, ಕೆಲವು ಸಲ ತನ್ನಷ್ಟಕ್ಕೆ ಮಡಚಿಕೊಂಡು ಕೂರತ್ತೆ. ಮಡಚಿಕೊಂಡ್ರೆ ಎಳೀಬೇಡಿ, ಮತ್ತೆ ನೀರಲ್ಲಿ ಬಿಟ್ಟು ಬ್ರಷ್ ತುದಿಯಿಂದ ಬಿಡಿಸಿ.

ಆ ಒಂದು ನಿಮಿಷದಲ್ಲಿ ವಿಮಾನದ ಮೇಲೆ ಡೆಕಾಲ್ ಕೂರೋ ಜಾಗವನ್ನ ಬ್ರಷ್‌ನಿಂದ ಒದ್ದೆ ಮಾಡಿ, ನೀರಾದ್ರೂ ಸರಿ, ಮೈಕ್ರೋ ಸೆಟ್ ಅನ್ನೋ ಡೆಕಾಲ್ ದ್ರಾವಣ ಇದ್ರೆ ಇನ್ನೂ ಒಳ್ಳೇದು. ಈಗ ಡೆಕಾಲನ್ನ ಬ್ರಷ್‌ನಿಂದ ಹಗುರಾಗಿ ತಳ್ಳಿ ನೋಡಿ, ಜಾರಿದ್ರೆ ರೆಡಿ, ಜಾರದಿದ್ರೆ ಇನ್ನೂ ಅರ್ಧ ನಿಮಿಷ. ಬೆರಳಿಂದ ತಳ್ಳಬೇಡಿ, ಒದ್ದೆ ಡೆಕಾಲ್ ಚರ್ಮಕ್ಕೆ ಅಂಟಿಕೊಳ್ಳೋ ಸ್ಪೀಡ್ ನೋಡಿದ್ರೆ ಅದಕ್ಕೆ ವಿಮಾನಕ್ಕಿಂತ ನಿಮ್ಮ ಬೆರಳೇ ಇಷ್ಟ ಅನ್ಸತ್ತೆ. ಪೇಪರ್ ಸಮೇತ ವಿಮಾನದ ಹತ್ತಿರ ತಂದು, ಪೇಪರ್ ಅಂಚನ್ನ ಜಾಗದ ಪಕ್ಕಕ್ಕೇ ತಾಗಿಸಿ, ಬ್ರಷ್‌ನಿಂದ ಡೆಕಾಲ್ ತಡೆದುಕೊಂಡು ಅಡಿಯ ಪೇಪರನ್ನ ಮೆಲ್ಲಗೆ ಎಳ್ಕೊಳ್ಳಿ. ಡೆಕಾಲ್ ನೀರಿನ ಮೇಲೆ ತೇಲ್ತಾ ಇರತ್ತೆ, ಈಗ ನಿಮಗೆ ಬೇಕಾದಷ್ಟು ಟೈಮ್ ಇದೆ, ಆಚೆ ಈಚೆ ಸರಿಸಿ, ಕಿಟಕಿ ಸಾಲಿಗೆ ನೇರ ಇದ್ಯಾ ನೋಡಿ, ಕಣ್ಣನ್ನ ವಿಮಾನದ ಮಟ್ಟಕ್ಕೇ ತಂದು ನೋಡಿ, ಮೇಲಿಂದ ನೋಡಿದ್ರೆ ಸೊಟ್ಟ ಇದ್ದದ್ದು ಗೊತ್ತಾಗಲ್ಲ. ಸರಿ ಅನ್ಸಿದ ಮೇಲೆ ಟಿಶ್ಯೂ ಮೂಲೆಯನ್ನ ಅಂಚಿಗೆ ತಾಗಿಸಿ ನೀರು ಹೀರಿಸಿ, ಆಮೇಲೆ ಒದ್ದೆ ಇಯರ್ ಬಡ್ಡನ್ನ ನಡುವಿನಿಂದ ಅಂಚಿನ ಕಡೆಗೆ ಉರುಳಿಸಿ. ಉಜ್ಜೋದಲ್ಲ, ಉರುಳಿಸೋದು.

ಸೆಟ್ಟರ್, ಸಾಫ್ಟ್‌ನರ್ ಎರಡೂ ಒಂದೇ ಅಂದ್ಕೊಂಡು ಕೆಡಿಸಿಕೊಂಡವರು ಬಹಳ. ಸೆಟ್ಟರ್ ಅಂದ್ರೆ ಮೈಕ್ರೋ ಸೆಟ್ ತರದ್ದು, ನೀಲಿ ಲೇಬಲ್ಲು, ವಿನೆಗರ್ ವಾಸನೆ, ಡೆಕಾಲ್ ಅಡಿಗೆ ಹೋಗತ್ತೆ, ಹಿಡಿತ ಕೊಡತ್ತೆ. ಸಾಫ್ಟ್‌ನರ್ ಅಂದ್ರೆ ಮೈಕ್ರೋ ಸಾಲ್ ತರದ್ದು, ಕೆಂಪು ಲೇಬಲ್ಲು, ಡೆಕಾಲ್ ಮೇಲೆ ಹಚ್ಚೋದು, ಫಿಲ್ಮನ್ನೇ ಮೆತ್ತಗೆ ಮಾಡಿ ಪ್ಯಾನೆಲ್ ಗೆರೆ, ರಿವೆಟ್ ಒಳಗೆ ಇಳಿಸತ್ತೆ. ಸಾಲ್ ಹಚ್ಚಿ ಒಂದೆರಡು ನಿಮಿಷ ಆದ್ಮೇಲೆ ಎದೆ ಧಸಕ್ ಅನ್ನೋ ಸೀನ್ ಬರತ್ತೆ: ಚೆನ್ನಾಗಿ ಕೂತಿದ್ದ ಡೆಕಾಲ್ ಮೈಯೆಲ್ಲ ಸುಕ್ಕು, ಬಿಸಿ ಹಾಲಿನ ಕೆನೆ ಗಾಳಿಗೆ ಮುದುರಿದ ಹಾಗೆ. ಆಗ ಮುಟ್ಟಬಾರದು. ಕೈ ಕಟ್ಟಿ ಕೂತ್ಕೊಳ್ಳಿ, ಎದ್ದು ಬೇರೆ ರೂಮಿಗೇ ಹೋಗಿ ಬೇಕಾದ್ರೆ. ಆ ಹೊತ್ತಲ್ಲಿ ಫಿಲ್ಮ್ ಒದ್ದೆ ಟಿಶ್ಯೂಗಿಂತ ಮೆತ್ತಗಿರತ್ತೆ, ಬ್ರಷ್ ತಾಗಿಸಿದ್ರೂ ಹರಿಯತ್ತೆ. ಒಣಗ್ತಾ ಒಣಗ್ತಾ ಸುಕ್ಕು ತಾನಾಗೇ ಇಳಿದು ಬಣ್ಣದ ಜೊತೆ ಒಂದಾಗತ್ತೆ. ನಾನು ಮೊದಲ ಸಲ ಗಾಬರಿಯಾಗಿ ಸುಕ್ಕು ಸರಿ ಮಾಡೋಕೆ ಹೋಗಿ ರೌಂಡೆಲ್ ಅನ್ನೋ ದುಂಡನೆ ವಾಯುಪಡೆ ಗುರುತಿನ ಕೆಂಪು ಚುಕ್ಕೇನ ಅರ್ಧ ಚಂದ್ರ ಮಾಡಿದ್ದೆ. ಸಾಲ್ವಾಸೆಟ್ ಅಂತ ಇನ್ನೊಂದು ಬರತ್ತೆ, ಅದು ಇದಕ್ಕಿಂತ ಜೋರು, ದಪ್ಪ ಡೆಕಾಲ್‌ಗೆ ಒಳ್ಳೇದು, ತೆಳು ಡೆಕಾಲ್‌ಗೆ ನೀರು ಬೆರೆಸಿ ಹಾಕಿ. ಮನೇಲಿ ಪ್ರಿಂಟ್ ಮಾಡಿದ ಡೆಕಾಲ್‌ಗೆ ಇಂಥ ಯಾವ ದ್ರಾವಣನೂ ಬೇಡದ ಒಂದು ತುಂಡಿನ ಮೇಲೆ ಟೆಸ್ಟ್ ಮಾಡದೆ ಹಾಕ್ಬೇಡಿ, ಮೇಲೆ ಹೊಡೆದ ಸ್ಪ್ರೇ ಜೊತೆ ಜಗಳ ಆಡಬಹುದು.

ವಿಮಾನದ್ದೇ ಕೆಲವು ತಕರಾರಿನ ಜಾಗ ಇದಾವೆ. ಮೂತಿ ಎರಡು ಕಡೆಗೂ ಬಾಗಿರೋದ್ರಿಂದ ಚಪ್ಪಟೆ ಫಿಲ್ಮ್ ಅಲ್ಲಿ ನೆರಿಗೆ ಬಂದೇ ಬರತ್ತೆ, ಅಂಚಲ್ಲಿ ಸಣ್ಣದಾಗಿ ಒಂದೆರಡು ಕಡೆ ಸೀಳಿ ಒಂದರ ಮೇಲೊಂದು ಕೂರಿಸಿ, ಆಮೇಲೆ ಸಾಫ್ಟ್‌ನರ್. ಮೂತಿಯಿಂದ ಬಾಲದವರೆಗಿನ ಉದ್ದ ಪಟ್ಟೇನ ಒಂದೇ ತುಂಡಲ್ಲಿ ಹಾಕೋ ಹಠ ಬಿಡಿ, ಬಾಗಿಲ ಗೆರೆ ಬರೋ ಕಡೆ ಕತ್ತರಿಸಿ ಎರಡು ಮೂರು ತುಂಡು ಮಾಡಿದ್ರೆ ಜೋಡಣೆ ಕಾಣಲ್ಲ. ಸೀಳಿ ಹಾಕ್ಬೇಕಾದ ಪಟ್ಟೆಗೆ ಮೊದಲು ಮಾಸ್ಕಿಂಗ್ ಟೇಪ್‌ನಲ್ಲಿ ಒಂದು ನೇರ ಗೈಡ್ ಗೆರೆ ಹಾಕ್ಕೊಳ್ಳಿ, ಟೇಪ್ ಪಕ್ಕಕ್ಕೇ ಕೂರಿಸ್ತಾ ಹೋದ್ರೆ ಆಯ್ತು. ಬಾಲದ ಎರಡೂ ಕಡೆ ಒಂದೇ ಲೋಗೋ ಆದ್ರೆ ಒಂದು ಕಡೆಯದು ಪೂರ್ತಿ ಒಣಗಿದ ಮೇಲೇ ಇನ್ನೊಂದು ಕಡೆ, ಇಲ್ಲಾಂದ್ರೆ ಹಿಡ್ಕೊಳ್ಳೋ ಬೆರಳಿಗೆ ಮೊದಲಿಂದು ಬರತ್ತೆ. ಬಾಣ, ಪಕ್ಷಿ ತರ ದಿಕ್ಕಿರೋ ಲೋಗೋ ಆದ್ರೆ ಎರಡನೇ ಕಡೆಗೆ ಕನ್ನಡಿ ಬಿಂಬ ಬೇಕಾ ಅಂತ ಪ್ರಿಂಟ್ ಮುಂಚೇನೇ ನೋಡ್ಕೊಳ್ಳಿ. ಆದ್ರೆ ಅಕ್ಷರಗಳನ್ನ ಮಾತ್ರ ತಿರುಗಿಸಬೇಡಿ, ನಗಬೇಡಿ, ನಾನು ಮಾಡಿದೀನಿ.

ಇಷ್ಟೆಲ್ಲ ಆದ್ರೂ ಒಣಗಿದ ಮೇಲೆ ಅಲ್ಲಲ್ಲಿ ಬೆಳ್ಳಿ ಕಂಡ್ರೆ ಹೊಸ ಸೂಜಿಯಿಂದ ಆ ಗುಳ್ಳೆಗೆ ನಾಲ್ಕೈದು ತೂತು ಚುಚ್ಚಿ, ಪ್ಯಾನೆಲ್ ಗೆರೆ ಮೇಲೆ ಸೇತುವೆ ತರ ನಿಂತಿದ್ರೆ ಆ ಗೆರೆ ಉದ್ದಕ್ಕೆ ಬ್ಲೇಡ್ ಆಡಿಸಿ, ಮೇಲೆ ಸಾಫ್ಟ್‌ನರ್ ಒಂದು ಹನಿ. ಒಂದು ಸಲಕ್ಕೆ ಹೋಗ್ಲಿಲ್ಲ ಅಂದ್ರೆ ಮಾರನೇ ದಿನ ಮತ್ತೆ.

ಮರುದಿನ ಒದ್ದೆ ಬಟ್ಟೆಯಿಂದ ಸುತ್ತಲಿನ ಅಂಟಿನ ಕಲೆ ಒರೆಸಿ, ಇಲ್ಲಾಂದ್ರೆ ಅದು ಒಣಗಿ ಕಂದು ಬಣ್ಣಕ್ಕೆ ತಿರುಗತ್ತೆ, ಕ್ಲಿಯರ್ ಕೋಟ್ ಅಡಿಗೆ ಸಿಕ್ಕಿಕೊಂಡ್ರೆ ಆಮೇಲೆ ತೆಗೆಯೋಕಾಗಲ್ಲ. ಆಮೇಲೆ ಕ್ಲಿಯರ್ ಕೋಟ್. ಮೊದಲ ಎರಡು ಪದರ ದೂರದಿಂದ ಮಂಜು ಬಿದ್ದ ಹಾಗೆ, ಒಂದೇ ಸಲ ತೊಯ್ಯೋ ಹಾಗೆ ಹೊಡೆದ್ರೆ ಸ್ಪ್ರೇಯಲ್ಲಿರೋ ಸಾಲ್ವೆಂಟ್ ಡೆಕಾಲನ್ನ ಮತ್ತೆ ಸುಕ್ಕು ಮಾಡತ್ತೆ, ಈ ಸುಕ್ಕು ಇಳಿಯೋ ಸುಕ್ಕಲ್ಲ. ಮಳೆ ದಿನ, ಗಾಳೀಲಿ ತೇವ ಜಾಸ್ತಿ ಇದ್ದಾಗ ಸ್ಪ್ರೇ ಬೇಡ, ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಳ್ಳತ್ತೆ. ಕಾಕ್‌ಪಿಟ್ ಗ್ಲಾಸ್‌ಗೆ ಟೇಪ್ ಹಚ್ಚೋದು ಮರೀಬೇಡಿ, ಮುಖಕ್ಕೆ ಮಾಸ್ಕ್, ಕಿಟಕಿ ತೆಗೆದಿರಲಿ.

ಉಳಿದ ಶೀಟನ್ನ ಜಿಪ್ ಕವರ್‌ನಲ್ಲಿ ಹಾಕಿ ಒಣ ಜಾಗದಲ್ಲಿ ಚಪ್ಪಟೆಯಾಗಿ ಇಡಿ. ಹಳೇ ಶೀಟ್ ತೆಗೆದಾಗ ಹಳದಿಯಾಗಿದ್ರೆ ಬಿಸಿಲು ಬೀಳೋ ಕಿಟಕಿ ಗಾಜಿಗೆ ಕೆಲವು ದಿನ ಅಂಟಿಸಿಡಿ, ಸುಮಾರು ಬೆಳ್ಳಗಾಗತ್ತೆ. ಹಳೇದನ್ನ ಬಳಸೋ ಮುಂಚೆ ಬೇಡದ ಒಂದು ನಂಬರ್ ಕತ್ತರಿಸಿ ನೀರಿಗೆ ಹಾಕಿ ನೋಡಿ, ಚೂರುಚೂರಾದ್ರೆ ಶೀಟ್ ಮೇಲೆ ಲಿಕ್ವಿಡ್ ಡೆಕಾಲ್ ಫಿಲ್ಮ್ ಒಂದು ಕೋಟ್ ಬಳಿದು, ಒಣಗಿಸಿ, ಪ್ರತಿ ಚಿತ್ರನೂ ಅಂಚಿಗೆ ಕತ್ತರಿಸಿಕೊಂಡು ಹಾಕಿ.