ಟೋಕನ್ ಕೊಟ್ಟಾಗಿತ್ತು, ಲೋನೂ ಪಾಸಾಗಿತ್ತು, ಆದರೂ ಕಾರು ಬೇಡ ಅಂದೆ

ಸೆಕೆಂಡ್‌ಹ್ಯಾಂಡ್ ಕಾರಿಗೆ ಡೀಲರ್ ಕಡೆಯಿಂದಲೇ ಲೋನ್ ಮಾಡಿಸಿ, ಆಮೇಲೆ ಕಾರು ಬೇಡ ಅನ್ನಿಸಿದರೆ ಮೊದಲು ಲೋನ್ ನಿಲ್ಲಿಸಿ. ಟೋಕನ್ ಜಗಳ ಆಮೇಲೆ. ಪುಣೆಯಲ್ಲಿ ನಾನು ಹಾಗೇ ಮಾಡಿದೆ.

ಕಾರು ಹಡಪ್ಸರ್ ಕಡೆಯ ಒಬ್ಬ ಡೀಲರ್‌ದು. ಎಂಎಚ್ 12 ನಂಬರ್, ಮೀಟರ್‌ನಲ್ಲಿ 54 ಸಾವಿರ ಕಿಲೋಮೀಟರ್, ಬೆಲೆ 4,85,000. ಟೋಕನ್ 20 ಸಾವಿರ ಕೊಟ್ಟಿದ್ದೆ. ಅಲ್ಲೇ ಕೂತಿದ್ದ ಫೈನಾನ್ಸ್ ಏಜೆಂಟ್ ಲೋನ್ ಪಾಸ್ ಮಾಡಿಸಿದ. ಅಗ್ರಿಮೆಂಟ್‌ಗೆ ಸಹಿ ಆಗಿತ್ತು, ಇಎಂಐ ನನ್ನ ಖಾತೆಯಿಂದ ತಾನಾಗಿ ಕಟ್ ಆಗಲು ಬ್ಯಾಂಕಿಗೆ ಕೊಡುವ ಒಪ್ಪಿಗೆ, ಅಂದರೆ ನ್ಯಾಚ್ ಮ್ಯಾಂಡೇಟ್ ಕೂಡ ಆಗಿತ್ತು. ದುಡ್ಡು ಮಾತ್ರ ಇನ್ನೂ ಡೀಲರ್ ಖಾತೆಗೆ ಬಿದ್ದಿರಲಿಲ್ಲ.

ಡೆಲಿವರಿಗೆ ಮುಂಚೆ, ಪಿಂಪ್ರಿಯಲ್ಲಿ ಗ್ಯಾರೇಜ್ ಇಟ್ಟಿರುವ ನಮ್ಮ ಗದಗಿನ ಕಾಕಾನನ್ನು ಕರೆದುಕೊಂಡು ಹೋದೆ. ಅವರು ಬಾನೆಟ್ ಮುಟ್ಟಲೇ ಇಲ್ಲ. ಡಿಕ್ಕಿ ತೆಗೆದು ಅಂಚಿನ ರಬ್ಬರ್ ಬೀಡಿಂಗ್ ಎಳೆದರು. ಎಡಗಡೆ ಕಂಪನಿಯ ಸ್ಪಾಟ್ ವೆಲ್ಡಿಂಗ್ ಗುಳಿಗಳು ಒಂದೇ ಅಂತರದಲ್ಲಿ ಸಾಲಾಗಿದ್ದವು. ಬಲಗಡೆ ಒಂದೂ ಇಲ್ಲ. ಬರೀ ಸೀಲೆಂಟ್, ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. "ಹಿಂದ ಜೋರು ಬಡದೈತಿ ತಮ್ಮಾ, ಬ್ಯಾಡ ಬಿಡು" ಅಂದರು. ನಾನು ಅಷ್ಟರಲ್ಲಿ ಗ್ಲೋವ್ ಬಾಕ್ಸ್ ತಡಕಾಡುತ್ತಿದ್ದೆ. ಮ್ಯಾನ್ಯುಯಲ್ ಒಳಗೆ ಒಂದು ಹಳೆಯ ಸರ್ವಿಸ್ ಬಿಲ್ ಸಿಕ್ಕಿತು. ಅದರಲ್ಲಿ ಕಿಲೋಮೀಟರ್ 71,380! ಫೋಟೊ ಹೊಡೆದುಕೊಂಡೆ.

"ಫೈಲ್ ಆಗೇ ಚಲಾ ಗಯಾ ಸರ್, ಅಬ್ ಕುಛ್ ನಹೀ ಹೋಗಾ" ಅಂದ ಏಜೆಂಟ್. ಫೈಲ್ ಮುಂದೆ ಹೋಗಿದೆ, ಇನ್ನೇನೂ ಆಗಲ್ಲ ಅಂತ. ದುಡ್ಡು ಬಿಡುಗಡೆಯಾದರೆ ತಾನೇ ಅವನಿಗೆ ಕಮಿಷನ್? ಅಲ್ಲೇ ನಿಂತು ಫೈನಾನ್ಸ್ ಕಂಪನಿಗೆ ಮೇಲ್ ಹಾಕಿದೆ. ಅರ್ಜಿ ನಂಬರ್, ಕಾರಿನ ನಂಬರ್, ಕೆಳಗೆ ಇಷ್ಟೇ: ಕಾರು ನನ್ನ ಕೈಗೆ ಬಂದಿಲ್ಲ, ದುಡ್ಡು ಬಿಡುಗಡೆ ಮಾಡಬೇಡಿ, ಲೋನ್ ರದ್ದು ಮಾಡಿ. ಅದರದೇ ಪ್ರಿಂಟ್ ಬ್ರಾಂಚಿಗೆ ಕೊಟ್ಟು ನನ್ನ ಕಾಪಿಯ ಮೇಲೆ ಸೀಲ್ ಹಾಕಿಸಿಕೊಂಡೆ. ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ.

ದುಡ್ಡು ಡೀಲರ್‌ಗೆ ಹೋಗಿಬಿಟ್ಟಿದ್ದರೆ ಕತೆಯೇ ಬೇರೆ. ಕಾರು ಅವರ ಅಂಗಳದಲ್ಲೇ ನಿಂತಿದ್ದರೂ ಇಎಂಐ ನನ್ನ ತಲೆಗೆ. ಫಿಕ್ಸೆಡ್ ಬಡ್ಡಿಯ ಲೋನ್ ಆದರೆ ಅವಧಿಗೆ ಮುಂಚೆ ಮುಚ್ಚಲು ಫೋರ್‌ಕ್ಲೋಷರ್ ಚಾರ್ಜ್ ಕೂಡ ಕೇಳಬಹುದು. ಆ್ಯಪ್ ಮೂಲಕ ಡಿಜಿಟಲ್ ಲೋನ್ ತಗೊಂಡವರಿಗೆ ಒಂದು ದಾರಿ ಇದೆ. ರಿಸರ್ವ್ ಬ್ಯಾಂಕಿನ 2025ರ ನಿಯಮದಂತೆ ಕನಿಷ್ಠ ಒಂದು ದಿನದ ಕೂಲಿಂಗ್ ಆಫ್ ಅವಧಿ ಕೊಡಲೇಬೇಕು. ಅಷ್ಟರೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಗೆ ಬರಬಹುದು. ಪ್ರೊಸೆಸಿಂಗ್ ಫೀ ಮಾತ್ರ ಹೋಗಬಹುದು. 2024ರ ಅಕ್ಟೋಬರ್ 1ರಿಂದ ಕಡ್ಡಾಯವಾಗಿರುವ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ (ಲೋನಿನ ಮುಖ್ಯ ವಿವರಗಳ ಪತ್ರ) ತೆಗೆದು ನೋಡಿ, ಫೀ ಎಷ್ಟು ಅಂತ ಅದರಲ್ಲೇ ಇರುತ್ತದೆ. ಆದರೆ ಈ ಸೌಲಭ್ಯ ಲೋನಿಗೆ ಅಷ್ಟೇ. ಇಷ್ಟವಾಗಲಿಲ್ಲ ಅಂತ ಹಳೇ ಕಾರು ವಾಪಸ್ ಕೊಡಲು ಅಂಥ ನಿಯಮ ನಮ್ಮಲ್ಲಿಲ್ಲ.

ಲೋನ್ ರದ್ದಾದ ಮೇಲ್ ಕೈಯಲ್ಲಿ ಹಿಡಿದೇ ಡೀಲರ್ ಹತ್ತಿರ ಕೂತೆ. ಸಹಿ ಮಾಡಿದ್ದ ಫಾರ್ಮ್ 30 (ಕಾರು ಹೆಸರಿಗೆ ಮಾಡಿಸಲು), ಫಾರ್ಮ್ 34 (ಆರ್‌ಸಿಯಲ್ಲಿ ಲೋನ್ ನಮೂದಿಸಲು) ಮತ್ತು ಚೆಕ್‌ಗಳನ್ನು ಮೊದಲು ವಾಪಸ್ ತಗೊಂಡೆ. ಟೋಕನ್ ರಸೀದಿಯಲ್ಲಿ ನಾನ್ ರಿಫಂಡೆಬಲ್ ಅಂತ ಅಚ್ಚಾಗಿತ್ತು. ವಾದ ಮಾಡಲಿಲ್ಲ. 54 ಸಾವಿರ ಅಂತ ಅವರೇ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದ ಜಾಹೀರಾತು, ಪಕ್ಕದಲ್ಲಿ ಆ ಬಿಲ್ಲಿನ ಫೋಟೊ ಇಟ್ಟು, ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ ಅಂದೆ. 15 ಸಾವಿರ ಬಂತು. ಉಳಿದ ಐದು ಸಾವಿರ "ಫೈಲ್ ಚಾರ್ಜ್" ಅಂತೆ. ನಾನು ಮತ್ತೆ ಎಗರಾಡಲು ಹೊರಟರೆ ಕಾಕಾ, "ಐದು ಸಾವಿರಕ್ಕ ಈ ಹಡಪ್ಸರ್ ಟ್ರಾಫಿಕ್‌ನ್ಯಾಗ ಮತ್ತ ಮತ್ತ ಬರ್ತೀಯೇನು?" ಅಂದರು. ಬಿಟ್ಟೆ.

ಲೋನ್ ರದ್ದಾದರೂ ಬ್ಯಾಂಕ್ ಆ್ಯಪ್‌ನಲ್ಲಿ ನ್ಯಾಚ್ ಮ್ಯಾಂಡೇಟ್ ಹಾಗೇ ಇತ್ತು, ಅದನ್ನು ನಾನೇ ಕ್ಯಾನ್ಸಲ್ ಮಾಡಿದೆ. ಆಮೇಲೆ ಸಿಬಿಲ್ ರಿಪೋರ್ಟ್ ತೆಗೆದು ನೋಡಿದೆ. ಲೋನಿಗೆ ಅರ್ಜಿ ಹಾಕಿದಾಗ ಕಂಪನಿ ನನ್ನ ರಿಪೋರ್ಟ್ ನೋಡಿದ ದಾಖಲೆ, ಅಂದರೆ ಎನ್‌ಕ್ವೈರಿ ಕಾಣುತ್ತದೆ, ಅದು ಇರುವುದೇ. ಲೋನ್ ಖಾತೆ ಮಾತ್ರ ಇಲ್ಲ.